ಯಾವೂರು ಅಂತ ಕೇಳಿ ನೋಡಿ

ಅವನು ಸೈಕಲ್ ಇಳಿದು ಹೆಲ್ಮೆಟ್ ಬಿಚ್ಚಲು ನೋಡುತ್ತಿದ್ದ. ಗಲ್ಲದ ಕೆಳಗಿನ ಕ್ಲಿಪ್ ಬೆರಳಿಗೆ ಸಿಗುತ್ತಿತ್ತು, ಒತ್ತಲು ಮಾತ್ರ ಆಗುತ್ತಿರಲಿಲ್ಲ. ಮೂರು ಸಲ ಒತ್ತಿದ. ನಾಲ್ಕನೇ ಸಲ ಕೈ ಕೆಳಗೆ ಬಿಟ್ಟು ಸುಮ್ನೆ ನಿಂತ. ಅಕ್ಟೋಬರ್ ತಿಂಗಳ ಹಿಂಗಾರು ಮಳೆ, ನಿಟ್ಟೂರು ಕಡೆಯ ಒಂದು ಶಾಲೆಯ ಜಗಲಿ, ಬೆಳಗ್ಗೆ ಹನ್ನೊಂದು ಗಂಟೆ. ಶರಾವತಿ ಹಿನ್ನೀರಿನಲ್ಲಿ ಈಜಿ, ಹೊಸನಗರದ ಮೇಲೆ ಸೈಕಲ್ ತುಳಿದು ಬಂದವರು ಇಲ್ಲಿ ಸೈಕಲ್ ಬಿಟ್ಟು ಕೊಡಚಾದ್ರಿ ಬುಡದ ಕಾಡುದಾರಿಯಲ್ಲಿ ಓಟ ಶುರು ಮಾಡಬೇಕಿತ್ತು. ಅವನು ಎರಡನೇ ಸ್ಥಾನದಲ್ಲಿದ್ದ.

ಹಿಂದೆಯೇ ಬಂದ ಮೂರನೆಯವರು ನಲವತ್ತು ದಾಟಿದ ಮೇಷ್ಟ್ರು. ತಮ್ಮ ಸೈಕಲ್ಲನ್ನು ಗೋಡೆಗೆ ಒರಗಿಸಿದರು. ಓಡುವ ಶೂ ಹಾಕಿಕೊಳ್ಳುವ ಬದಲು ಸೀದಾ ಅವನ ಹತ್ತಿರ ಹೋಗಿ ಕ್ಲಿಪ್ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟ್ರೇ, ಇವನನ್ನ ಒಂಚೂರು ನೋಡಿ. ಬಿದನೂರು ನಗರದ ಕೋಟೆ ದಾಟಿದ ಮೇಲೆ ಮಾತೇ ಆಡಿಲ್ಲ. ಬೆಳಗ್ಗೆಯಿಂದ ಬಾಯಿ ಮುಚ್ಚಿರ್ಲಿಲ್ಲ ಮಾರಾಯ್ರೆ" ಅಂದರು.

ನನ್ನ ಚೀಲದಿಂದ ಥರ್ಮಾಮೀಟರ್ ಹೊರಗೆ ಬರುವ ಮೊದಲೇ ಅವರು ರೋಗ ಹೇಳಿಯಾಗಿತ್ತು.

"ಯಾವೂರಾಯ್ತಪ್ಪ ನಿಂದು?" ಅಂತ ಹುಡುಗನನ್ನು ಕೇಳಿದೆ. ನನ್ನ ಮುಖವನ್ನೇ ನೋಡಿದ. ಸ್ವಲ್ಪ ಹೊತ್ತಾದ ಮೇಲೆ ತನ್ನ ಬಿಬ್ ನಂಬರ್, ಅಂದರೆ ಅಂಗಿ ಮೇಲಿನ ಸ್ಪರ್ಧಿ ಸಂಖ್ಯೆ, ಹೇಳಿದ.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಸುಮಾರು ಹತ್ತು ವರ್ಷದಿಂದ ಇಂಥ ಟ್ರಯಥ್ಲಾನ್‌ಗಳಲ್ಲಿ, ಅಂದರೆ ಈಜು, ಸೈಕಲ್, ಓಟ ಮೂರೂ ಒಂದರ ಹಿಂದೆ ಒಂದು ಬರುವ ಸ್ಪರ್ಧೆಗಳಲ್ಲಿ, ವೈದ್ಯಳಾಗಿ ನಿಲ್ಲುತ್ತಿದ್ದೇನೆ. ಸ್ಪರ್ಧಿಗಳ ನಡುವಿನ ಸ್ನೇಹದ ಬಗ್ಗೆ ಮಾತಾಡುವಾಗ ಎಲ್ಲರೂ ಗುರಿ ಮುಟ್ಟಿದ ಮೇಲಿನ ಅಪ್ಪುಗೆ, ಫೋಟೋ ನೆನೆಸಿಕೊಳ್ಳುತ್ತಾರೆ. ನಾನು ಕಂಡ ಸ್ನೇಹ ಜಾಸ್ತಿ ದಾರಿ ಮಧ್ಯದ್ದು. ನೂರಿನ್ನೂರು ಜನ ಕಾಡಿನಲ್ಲಿ ಹರಡಿಕೊಂಡಿರುವಾಗ ಒಬ್ಬ ವೈದ್ಯೆ ಎಷ್ಟು ಜನರನ್ನು ನೋಡಲು ಸಾಧ್ಯ? ಅಪಾಯವನ್ನು ಮೊದಲು ಕಾಣುವುದು ಪಕ್ಕದಲ್ಲಿ ಬರುತ್ತಿರುವ ಎದುರಾಳಿ, ಇಲ್ಲವೇ ಬುತ್ತಿ ಹಿಡಿದು ಕಾಯುತ್ತಿರುವ ಮನೆಯವರು.

ಆ ಹುಡುಗನಿಗೆ ಆಗಿದ್ದು ಚಳಿಯ ಹೊಡೆತ. ದೇಹದ ಒಳಗಿನ ಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದು. ಇದು ಹಿಮಾಲಯದ ಕಾಯಿಲೆ, ನಮ್ಮ ಕಡೆ ಎಲ್ಲಿಂದ ಬರಬೇಕು ಅಂತ ಎಷ್ಟೋ ಜನ ಕೇಳುತ್ತಾರೆ. ಒದ್ದೆ ಬಟ್ಟೆ, ಗಾಳಿ, ಸುಸ್ತು, ಈ ಮೂರು ಸೇರಿದರೆ ಮಲೆನಾಡಿನ ಮಳೆಯೂ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಏರು ಹತ್ತುವಾಗ ಮಾಂಸಖಂಡ ದುಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಇಳಿಜಾರಿನಲ್ಲಿ ಕಾಲು ಸುಮ್ಮನಿರುತ್ತದೆ, ಗಾಳಿ ಮಾತ್ರ ಹೊಡೆಯುತ್ತಲೇ ಇರುತ್ತದೆ. ಹಾಗಾಗಿ ಘಟ್ಟ ಇಳಿಯುವಾಗಲೇ ಬೆರಳು ಮರಗಟ್ಟುವುದು, ಬ್ರೇಕ್ ಹಿಡಿಯಲು ಆಗದಿರುವುದು.

ಮನೆಯಲ್ಲಿ ಇಟ್ಟುಕೊಳ್ಳುವ ಪಾದರಸದ ಥರ್ಮಾಮೀಟರಿನ ಗೆರೆಗಳು ಶುರುವಾಗುವುದೇ 35ರ ಹತ್ತಿರ. ಇಲ್ಲಿ ಅದರಿಂದ ಏನೂ ಉಪಯೋಗವಿಲ್ಲ. ನಡವಳಿಕೆ ನೋಡಬೇಕು. ಸಮ ನೆಲದಲ್ಲಿ ಎಡವುತ್ತಿದ್ದಾರಾ? ಮಾತು ತೊದಲುತ್ತಿದೆಯಾ? ಜಿಪ್ ಹಾಕಲು, ಕ್ಲಿಪ್ ತೆಗೆಯಲು ತಡಕಾಡುತ್ತಿದ್ದಾರಾ? ಸುಮ್ ಸುಮ್ನೆ ಸಿಡುಕುತ್ತಿದ್ದಾರಾ? ನಡುಕ ಇದ್ದರೆ ದೇಹ ಇನ್ನೂ ಹೋರಾಡುತ್ತಿದೆ ಅಂತ ಅರ್ಥ. ಬಿಸಿ ಮಾಡದೇ ನಡುಕ ತಾನಾಗಿ ನಿಂತಿತು ಅಂದರೆ ನನಗೆ ಎದೆ ಡವಡವ ಅನ್ನುತ್ತದೆ.

ಒದ್ದೆ ಬಟ್ಟೆ ತೆಗೆದು, ಒರೆಸಿ, ಒಣ ಕಂಬಳಿ ಸುತ್ತಿದೆವು. ನೆಲದ ತಣ್ಣಗೆ ತಾಗದ ಹಾಗೆ ಅಡಿಗೂ ಒಂದು ಹಾಸಿದೆವು. ಸರಿಯಾಗಿ ನುಂಗುತ್ತಾನೆ ಅಂತ ಖಾತ್ರಿ ಮಾಡಿಕೊಂಡು ಬೆಲ್ಲದ ಕಷಾಯ ಕುಡಿಸಿದೆವು. ಶಾಲೆಯ ಅಡುಗೆಯವರು ಪ್ರೀತಿಯಿಂದ ಅವನನ್ನು ಒಲೆ ಮುಂದೆ ಕೂರಿಸಲು ಹೊರಟಿದ್ದರು, ನಾನೇ ತಡೆದೆ. ಕೈಕಾಲು ಜೋರಾಗಿ ತಿಕ್ಕುವುದೂ ಬೇಡ. ಹೊಟ್ಟೆ, ಎದೆ ಮೊದಲು ಬೆಚ್ಚಗಾಗಬೇಕು, ನಿಧಾನವಾಗಿ. ಮುಕ್ಕಾಲು ಗಂಟೆ ಕಳೆದ ಮೇಲೆ ಅವನೇ ಎದ್ದು ಕೂತು, "ಹಾವೇರಿ" ಅಂದ. ನಾನು ಕೇಳಿದ ಪ್ರಶ್ನೆಗೆ ಉತ್ತರ!

ಮೇಷ್ಟ್ರು ಅಷ್ಟು ಹೊತ್ತಿಗೆ ಓಟಕ್ಕೆ ಹೋಗಿಯಾಗಿತ್ತು. ಕ್ಲಿಪ್ ತೆಗೆದು, ನನಗೆ ಒಪ್ಪಿಸಿ, ಅವನ ಸೈಕಲ್ಲನ್ನು ಮಳೆ ಬೀಳದ ಕಡೆ ನಿಲ್ಲಿಸಿ ಹೋದರು. ಎರಡು ಮೂರು ನಿಮಿಷ ಹೋಗಿರಬಹುದು. ಅಷ್ಟರಲ್ಲಿ ಇನ್ನೊಬ್ಬರು ಅವರನ್ನು ದಾಟಿದ್ದರು.

ಈ ಆಟದ ಹುಟ್ಟಿನಲ್ಲೇ ಜೊತೆಗಾರರು ಇದ್ದಾರೆ. 1978ರ ಫೆಬ್ರವರಿಯಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಐರನ್‌ಮ್ಯಾನ್ ಎಂಬ ತುಂಬಾ ದೂರದ ಟ್ರಯಥ್ಲಾನ್ ಮೊದಲ ಸಲ ನಡೆಯಿತು. ಹೊರಟವರು 15 ಜನ, ಮುಗಿಸಿದವರು 12. ಆಗ ದಾರಿಯಲ್ಲಿ ನೀರು ಕೊಡುವ ವ್ಯವಸ್ಥೆ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಸಹಾಯಕ್ಕೆ ತಾವೇ ಜನ ಕರೆತರಬೇಕಿತ್ತು. ಮುಂದಿದ್ದ ಜಾನ್ ಡನ್‌ಬಾರ್ ಓಟದಲ್ಲಿ ನೀರು ಕೇಳಿದಾಗ ಅವರ ಕಡೆಯವರ ಹತ್ತಿರ ನೀರು ಮುಗಿದಿತ್ತು, ಬಿಯರ್ ಕೊಟ್ಟರು. ಗಾರ್ಡನ್ ಹಾಲರ್ ಗೆದ್ದರು, ಡನ್‌ಬಾರ್ ಎರಡನೆಯವರಾದರು. ಈ ಕಥೆ ಹೇಳಿ ಜನ ನಗುತ್ತಾರೆ. ನನಗೆ ಆ ಸಹಾಯಕರ ಬಗ್ಗೆ ಅಯ್ಯೋ ಅನ್ನಿಸುತ್ತದೆ. ಬೆಳಗಿನಿಂದ ಕಾರಿನಲ್ಲಿ ಹಿಂದೆ ಮುಂದೆ ಓಡಾಡಿ, ತಾವು ಊಟ ಬಿಟ್ಟು ಕಾದವರು. ಲೆಕ್ಕ ಇಡುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಲೆಕ್ಕ ಅಂದೆ. ಸಾಗರದ ಕಡೆಯ ಒಬ್ಬ ಅಮ್ಮ ನೆನಪಾಗುತ್ತಾರೆ. ಮಗನಿಗೆ ಸಹಾಯಕ್ಕೆ ಬಂದಿದ್ದರು, ಇಂಥ ಸ್ಪರ್ಧೆ ನೋಡಿದ್ದು ಅದೇ ಮೊದಲು. ಕೈಯಲ್ಲಿ ಒಂದು ಗೆರೆ ಹಾಕಿದ ನೋಟ್‌ಬುಕ್. ಮಗ ಬಂದಾಗಲೆಲ್ಲ ಗಂಟೆ ನೋಡಿ ಬರೆಯುತ್ತಿದ್ದರು. ಎಂಟೂ ಹತ್ತು, ನೀರು ಒಂದು ಬಾಟ್ಲಿ, ಬಾಳೆಹಣ್ಣು ಒಂದು. ಒಂಬತ್ತು, ನೀರು ಒಂದೂವರೆ ಬಾಟ್ಲಿ. ಹೀಗೆ ಎರಡು ಪುಟ.

ಹನ್ನೆರಡರ ಹೊತ್ತಿಗೆ ಮಗ ತಲೆನೋವು, ವಾಕರಿಕೆ ಅಂತ ಕೂತ. ಸುತ್ತ ನಿಂತವರೆಲ್ಲ ಒಂದೇ ಮಾತು, ನೀರು ಕೊಡಿ, ನೀರು ಕೊಡಿ. ನಾನು ನೋಟ್‌ಬುಕ್ ಕೇಳಿದೆ. ನಾಲ್ಕು ಗಂಟೆಯಲ್ಲಿ ಮುಕ್ಕಾಲು ಲೀಟರಿನ ಆರು ಬಾಟಲಿ, ಅಂದರೆ ನಾಲ್ಕೂವರೆ ಲೀಟರ್, ಅದೂ ಬರೀ ನೀರು. ಮೋಡ ಮುಸುಕಿದ ದಿನ. ಉಪ್ಪಿನ ಅಂಶ ಒಂದೂ ಇಲ್ಲ. ಒಂದು ಸಲವೂ ಮೂತ್ರಕ್ಕೆ ಹೋಗಿಲ್ಲ. ಮಣಿಕಟ್ಟು ನೋಡಿದೆ. ಬೆಳಗ್ಗೆ ಸಡಿಲ ಇದ್ದ ವಾಚಿನ ಪಟ್ಟಿ ಚರ್ಮದೊಳಗೆ ಹೂತಿತ್ತು.

ಇದು ನೀರು ಜಾಸ್ತಿಯಾಗಿ ರಕ್ತದ ಸೋಡಿಯಂ ತೆಳ್ಳಗಾಗುವ ತೊಂದರೆ, ಹೈಪೊನಾಟ್ರೀಮಿಯಾ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕಡಿಮೆಯಾದರೆ ಈ ಹೆಸರು. ತುಂಬಾ ಇಳಿದರೆ ಮಿದುಳು ಊದಿಕೊಂಡು ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಬಾಸ್ಟನ್ ಮ್ಯಾರಥಾನ್‌ನಲ್ಲಿ 2002ರಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಜನರಲ್ಲಿ ಇದು ಸಿಕ್ಕಿತ್ತು. ಓಡುತ್ತಾ ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲಿ, ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ದಾರಿಯಲ್ಲಿದ್ದವರಲ್ಲಿ ಅಪಾಯ ಹೆಚ್ಚು ಕಂಡಿತ್ತು. ಹಿಂದೆ ಉಳಿದವರಿಗೆ ಕುಡಿಯಲು ಸಮಯವೂ ಜಾಸ್ತಿ, ಕುಡಿಸುವವರೂ ಜಾಸ್ತಿ, ಅಲ್ವಾ? ಇಂಥವರಿಗೆ ಸುಸ್ತು ಅಂತ ಸುಮ್ನೆ ಗ್ಲೂಕೋಸ್ ಡ್ರಿಪ್ ಏರಿಸಿಬಿಟ್ಟರೆ ಕೆಡುಕು ಇನ್ನೂ ದೊಡ್ಡದಾಗುತ್ತದೆ.

ಆ ಅಮ್ಮ ಅಳುತ್ತಾ, "ಎಲ್ರೂ ನೀರು ಕುಡಿಸಿ ಅಂದ್ರು ಡಾಕ್ಟ್ರೇ, ನಾನು ಕುಡಿಸಿದೆ" ಅಂದರು. ಅವರ ಕೈ ಹಿಡಿದು ಹೇಳಿದೆ, "ಅಮ್ಮಾ, ನೀವು ಬರೆದಿಟ್ಟಿದ್ದಕ್ಕೆ ನನಗೆ ಗೊತ್ತಾಯ್ತು." ಅದು ಸಮಾಧಾನಕ್ಕೆ ಆಡಿದ ಮಾತಾಗಿರಲಿಲ್ಲ. ಆ ಎರಡು ಪುಟ ಇಲ್ಲದಿದ್ದರೆ ನಾನೂ ಮೊದಲು ನೀರೇ ಕೊಡುತ್ತಿದ್ದೆನೋ ಏನೋ. ಮಗನನ್ನು ಶಿವಮೊಗ್ಗದ ಆಸ್ಪತ್ರೆಗೆ ಕಳಿಸಿದೆವು, ಆ ಪುಟಗಳನ್ನೂ ಜೊತೆಗೆ ಕೊಟ್ಟೆವು. ಎರಡನೇ ದಿನ ಮನೆಗೆ ಬಂದ.

ಹಾಗಾಗಿ ಸಹಾಯಕ್ಕೆ ಬರುವವರಿಗೆ ನಾನು ಮೊದಲು ಕೊಡುವುದು ನೋಟ್‌ಬುಕ್ ಮತ್ತು ಪೆನ್ಸಿಲ್. ಮಳೆಯಲ್ಲಿ ಪೆನ್ನು ಬರೆಯುವುದಿಲ್ಲ. ಗಂಟೆ, ಕುಡಿದಿದ್ದು, ತಿಂದಿದ್ದು, ಉಪ್ಪು, ಮೂತ್ರ, ಮಾತು. ಆರು ಕಲಂ. ಬಾಯಾರಿದಷ್ಟು ಕುಡಿಸಿ, ಒತ್ತಾಯ ಬೇಡ. ಬರೀ ನೀರಿನ ಜೊತೆ ಉಪ್ಪು ಹಾಕಿದ ಗಂಜಿ ಇರಲಿ, ಮಜ್ಜಿಗೆ ಇರಲಿ, ಓಆರ್‌ಎಸ್ ಇರಲಿ. ಆದರೆ ಇವನ್ನೂ ಮಿತಿ ಮೀರಿ ಕುಡಿಸಿದರೆ ಅದೇ ತೊಂದರೆ. ಎರಡೂವರೆ ಗಂಟೆ ಮೀರುವ ಸ್ಪರ್ಧೆಯಲ್ಲಿ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಅಂತ ಲೆಕ್ಕ. ಹೊಟ್ಟೆಗೆ ಮೊದಲೇ ಅಭ್ಯಾಸ ಮಾಡಿಸಿರಬೇಕು. ಸ್ಪರ್ಧೆಯ ದಿನ ಹೊಸ ತಿಂಡಿ ಪ್ರಯೋಗ ಬೇಡವೇ ಬೇಡ.

ಇನ್ನು ಒಬ್ಬ ಸ್ಪರ್ಧಿ ಇನ್ನೊಬ್ಬರಿಗೆ ಎಷ್ಟು ಸಹಾಯ ಮಾಡಬಹುದು? ಟ್ರಯಥ್ಲಾನ್ ನಿಯಮದಲ್ಲಿ ಇದಕ್ಕೆ ಚೆಂದದ ಒಂದು ಗೆರೆ ಇದೆ. ನೀರು ಕೊಡಬಹುದು, ತಿನ್ನಲು ಕೊಡಬಹುದು. ಪಂಪು, ಟ್ಯೂಬು, ಪಂಕ್ಚರ್ ಸಾಮಾನು ಕೊಡಬಹುದು. ನಿಮ್ಮ ಶೂ, ಹೆಲ್ಮೆಟ್, ಚಕ್ರ, ಸೈಕಲ್ ಕೊಟ್ಟು ನೀವೇ ಮುಂದೆ ಹೋಗಲಾರದ ಹಾಗೆ ಆಗಬಾರದು. ನಮ್ಮ ಊರಿನ ಮುಯ್ಯಾಳಿನ ಲೆಕ್ಕವೂ ಹೀಗೇ ಅಲ್ವಾ? ನಿಮ್ಮ ತೋಟದ ಅಡಿಕೆ ಕೊನೆ ಕೊಯ್ಲಿಗೆ ನಾನು ಬರುತ್ತೇನೆ, ನನ್ನ ಕೊಯ್ಲು ಕೊಳೆಯಲು ಬಿಟ್ಟು ಬರುವುದಿಲ್ಲ. ಒಬ್ಬರ ಟ್ಯೂಬು ಪಡೆದವರು ಮುಂದಿನ ವರ್ಷ ಇನ್ಯಾರಿಗೋ ಟ್ಯೂಬು ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಮುಯ್ಯಿ ತೀರುವುದು ಕೊಟ್ಟವರಿಗೇ ಆಗಬೇಕೆಂದಿಲ್ಲ.

ಎತ್ತಿಕೊಂಡು ಹೋಗುವುದು ಮಾತ್ರ ಬೇರೆ ವಿಷಯ. 2016ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋದ ಕೊಜುಮೆಲ್‌ನಲ್ಲಿ ನಡೆದ ಟ್ರಯಥ್ಲಾನ್‌ನಲ್ಲಿ ಬ್ರಿಟನ್ನಿನ ಜಾನಿ ಬ್ರೌನ್ಲೀ ಮುಂದಿದ್ದವರು ಕೊನೆಯ ಕೆಲವು ನೂರು ಮೀಟರಿನಲ್ಲಿ ಸೆಖೆಗೆ ತೂರಾಡಿದರು. ಹಿಂದೆ ಬಂದ ಅಣ್ಣ ಅಲಿಸ್ಟರ್ ತಾನು ಗೆಲ್ಲುವ ಅವಕಾಶ ಬಿಟ್ಟು ತಮ್ಮನನ್ನು ಹೆಗಲಿಗೆ ಆನಿಸಿಕೊಂಡು ಗುರಿಯ ಆಚೆಗೆ ತಳ್ಳಿದರು. ಹೆನ್ರಿ ಸ್ಕೂಮನ್ ಗೆದ್ದರು, ತಮ್ಮ ಎರಡನೆಯವನು, ಅಣ್ಣ ಮೂರನೆಯವನು. ಲೋಕವೆಲ್ಲ ಕೊಂಡಾಡಿತು. ಅಣ್ಣನ ಮನಸ್ಸು ನನಗೂ ಅರ್ಥವಾಗುತ್ತದೆ, ಆ ದೃಶ್ಯ ನೋಡಿದಾಗ ಕಣ್ಣು ತುಂಬುತ್ತದೆ. ಆದರೂ ವೈದ್ಯಳಾಗಿ ಹೇಳಲೇಬೇಕು, ಅದನ್ನು ಅನುಸರಿಸಬೇಡಿ. ಆಮೇಲೆ ನಿಯಮವೂ ಬಿಗಿಯಾಯಿತು, ಇನ್ನೊಬ್ಬರನ್ನು ಹಿಡಿದು ಮುಂದೆ ಸಾಗಿಸುವಂತಿಲ್ಲ.

ಯಾಕೆ ಬೇಡ? ಗುರಿ ದಾಟಿ ನಿಂತ ಮೇಲೆ ಬೀಳುವುದು ಸಾಮಾನ್ಯವಾಗಿ ಅಷ್ಟು ಭಯದ ವಿಷಯವಲ್ಲ. ಓಡುವಾಗ ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಗಕ್ಕನೆ ನಿಂತರೆ ಆ ಒತ್ತುವಿಕೆ ನಿಲ್ಲುತ್ತದೆ, ತಲೆ ಸುತ್ತುತ್ತದೆ. ಮಲಗಿಸಿ ಕಾಲು ಎತ್ತಿ ಇಟ್ಟರೆ ಹೆಚ್ಚಿನವರು ಸ್ವಲ್ಪ ಹೊತ್ತಿನಲ್ಲೇ ಸುಧಾರಿಸುತ್ತಾರೆ. ಗುರಿಗೆ ಮೊದಲೇ, ಓಡುತ್ತಿರುವಾಗಲೇ ಬಿದ್ದರೆ ಕಾರಣ ಗಂಭೀರ ಇರಬಹುದು. ಮೈ ಬಿಸಿ 40 ಡಿಗ್ರಿ ದಾಟಿ ಮಿದುಳಿಗೆ ಏರಿದ್ದರೆ ಆ ವ್ಯಕ್ತಿ ಅದೇ ಜಾಗದಲ್ಲಿ ತಣ್ಣಗಾಗಬೇಕು. ಆದಷ್ಟು ಬೇಗ, ಅರ್ಧ ಗಂಟೆಯೊಳಗೆ. ಸಿಕ್ಕಿದರೆ ತಣ್ಣೀರಿನ ತೊಟ್ಟಿ, ಇಲ್ಲದಿದ್ದರೆ ಮೈಗೆಲ್ಲ ನೀರು ಸುರಿದು ಬೀಸಣಿಗೆ. ಆಂಬುಲೆನ್ಸ್‌ಗೆ ಹತ್ತಿಸುವುದಕ್ಕಿಂತ ಮೊದಲು ತಣ್ಣಗೆ ಮಾಡಬೇಕು. ಇನ್ನೂರು ಮೀಟರ್ ನಡೆಸಿದರೆ ಇನ್ನೂ ಬಿಸಿ ಏರುತ್ತದೆ. ಪದಕ ಸಿಗಲಿ ಅಂತ ಪ್ರೀತಿಯಿಂದ ನಡೆಸುವವರೇ ಜಾಸ್ತಿ. ದಯವಿಟ್ಟು ಕೂರಿಸಿ, ಕೂಗಿ, ಪಕ್ಕದಲ್ಲಿ ಇರಿ.

ನೀರಿನಲ್ಲಿ ಈ ಕೂರಿಸುವ ಕೆಲಸವನ್ನು ದೋಣಿ ಮಾಡುತ್ತದೆ. ಸುಸ್ತಾದರೆ ಕಯಾಕ್ ಹಿಡಿದುಕೊಂಡು ಉಸಿರು ತೆಗೆದುಕೊಳ್ಳಬಹುದು, ಅದು ಮುಂದೆ ಎಳೆಯಬಾರದು ಅಷ್ಟೇ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಹಿಡಿದರೆ ಹೊರಗೆ ಹಾಕುತ್ತಾರೆ ಅಂತ ಹೆದರಿ ನೀರು ಕುಡಿಯುತ್ತಾ ಒದ್ದಾಡುತ್ತಾರೆ. ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ, ಕಾಲು ತಾಗಿ ಗಾಬರಿ ಬೀಳುವವರಿದ್ದಾರೆ. ಪಕ್ಕದ ಈಜುಗಾರ ಒಂದು ಸಲ ತಲೆಯೆತ್ತಿ "ದೋಣಿ ಹಿಡ್ಕೊಳಿ" ಅಂದರೆ ಸಾಕು.

ಸ್ಪರ್ಧೆಗೆ ಒಂದು ವಾರ ಮೊದಲು ನಾವು ದಾರಿಯುದ್ದದ ಮನೆಗಳಿಗೆ ಹೋಗಿ ಬರುತ್ತೇವೆ. ಉಂಬಳ (ಜಿಗಣೆ) ಕಚ್ಚಿದರೆ ಸುಣ್ಣ ಕೊಡಿ, ನಾಯಿ ಕಟ್ಟಿಹಾಕಿ ಅಂತ ಹೇಳುವುದರ ಜೊತೆ ಒಂದು ಕೆಲಸ ಒಪ್ಪಿಸುತ್ತೇನೆ. ದಾಟಿ ಹೋಗುವವರನ್ನೆಲ್ಲ ಯಾವೂರು ಅಂತ ಕೇಳಿ. ಮಲೆನಾಡಿನಲ್ಲಿ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಅಪರಿಚಿತರು ಅಂಗಳದ ಮುಂದೆ ಹಾದರೆ ನಮ್ಮ ಹಿರಿಯರು ಕೇಳುವ ಮೊದಲ ಪ್ರಶ್ನೆಯೇ ಅದು. ಮಿದುಳು ನೆಟ್ಟಗಿದೆಯಾ ಅಂತ ನೋಡಲು ಅದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ಹತ್ತಿರವೂ ಇಲ್ಲ. ಉತ್ತರ ಬಾರದಿದ್ದರೆ, ತಪ್ಪಿದರೆ, ಬಿಬ್ ನಂಬರ್ ನೋಡಿ ನಮಗೆ ಫೋನ್ ಮಾಡಿ.

ಹೋದ ಸಲ ಮಧ್ಯಾಹ್ನ ಎರಡರ ಹೊತ್ತಿಗೆ ಒಂದು ಫೋನ್ ಬಂತು. ಒಂದು ಪುಟ್ಟ ಹುಡುಗನ ದನಿ. ಸಿಗ್ನಲ್‌ಗಾಗಿ ಗುಡ್ಡದ ಮೇಲಕ್ಕೆ ಓಡಿ ಬಂದಿದ್ದನೋ ಏನೋ, ಏದುಸಿರು. "ಅಜ್ಜಿ ಹೇಳು ಅಂದ್ರು. ನೀಲಿ ಅಂಗಿ, ನೂರ ಹದಿನಾಲ್ಕು. ಯಾವೂರು ಅಂತ ಕೇಳಿದ್ರೆ ಸುಮ್ನೆ ನಗಾಡ್ತಾರಂತೆ. ಅಜ್ಜಿ ಜಗಲಿ ಮೇಲೆ ಕೂರ್ಸಿದಾರೆ. ಇನ್ನೊಬ್ರು ಓಡ್ತಾ ಬಂದವ್ರೂ ಹೋಗ್ದೆ ಅಲ್ಲೇ ಕೂತಿದಾರೆ."

ಕಂಬಳಿ, ಫ್ಲಾಸ್ಕು ತೆಗೆದುಕೊಂಡು ಜೀಪು ಹತ್ತಿದೆವು.