44 ದಿನಕ್ಕೆ ಕೆಲಸ ಕಳೆದುಕೊಂಡ ಬ್ರಯಾನ್ ಕ್ಲಫ್ ಯುರೋಪ್ ಗೆದ್ದಿದ್ದು ಹೇಗೆ?

ಓದುಗರ ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾನೇಜರ್ ಬ್ರಯಾನ್ ಕ್ಲಫ್ ಅವರನ್ನು ಲೀಡ್ಸ್ ಯುನೈಟೆಡ್ ಬರೀ 44 ದಿನಕ್ಕೆ ಮನೆಗೆ ಕಳಿಸಿತು. ಅದೇ ಮನುಷ್ಯ ಆಮೇಲೆ ಯುರೋಪಿನ ಚಾಂಪಿಯನ್ ಕ್ಲಬ್‌ಗಳು ಸೆಣಸುವ ಯುರೋಪಿಯನ್ ಕಪ್ ಅನ್ನು ಎರಡು ಸಲ ಗೆದ್ದರು. ಅಷ್ಟರಲ್ಲಿ ಅವರು ಬದಲಾಗಿದ್ದರಾ?

ಇಲ್ಲ, ಒಂಚೂರೂ ಬದಲಾಗಿರಲಿಲ್ಲ. ಅದೇ ಬಾಯಿ, ಅದೇ ಹಟ. ಪಕ್ಕದಲ್ಲಿ ಯಾರಿದ್ದರು ಅನ್ನೋದನ್ನು ನೋಡಿದರೆ ಉತ್ತರ ಸಿಗುತ್ತದೆ.

ಆತ ಪೀಟರ್ ಟೇಲರ್. ಕ್ಲಫ್ ಮಿಡ್ಲ್ಸ್‌ಬರೋ ತಂಡದ ಸ್ಟ್ರೈಕರ್ ಆಗಿದ್ದಾಗ ಟೇಲರ್ ಅಲ್ಲೇ ಗೋಲ್‌ಕೀಪರ್. 1962ರ ಡಿಸೆಂಬರ್ 26ರಂದು ಮಂಡಿಗೆ ಬಿದ್ದ ಪೆಟ್ಟು ಕ್ಲಫ್ ಅವರ ಆಟವನ್ನೇ ಮುಗಿಸಿತು. 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದಿದ್ದವರು! 30ನೇ ವಯಸ್ಸಿಗೇ ಮ್ಯಾನೇಜರ್ ಆದರು, ಜೊತೆಗೆ ಟೇಲರ್ ಅವರನ್ನು ಕರೆದುಕೊಂಡರು. ಆಟಗಾರನನ್ನು ಹುಡುಕಿ ತರುವ ಕಣ್ಣು ಟೇಲರ್ ಅವರದು. ಅವನಿಂದ ಆಟ ಹೊರಗೆ ತರುವ ತಾಕತ್ತು ಕ್ಲಫ್ ಅವರದು. ಎರಡನೇ ಡಿವಿಷನ್ನಿನಲ್ಲಿ, ಅಂದರೆ ಮೇಲಿನ ಲೀಗಿಗಿಂತ ಒಂದು ಮೆಟ್ಟಿಲು ಕೆಳಗಿದ್ದ ಡರ್ಬಿ ಕೌಂಟಿ ತಂಡವನ್ನು 1972ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಮಾಡಿಬಿಟ್ಟರು. ಮರುವರ್ಷ ಕ್ಲಬ್ಬಿನ ಅಧ್ಯಕ್ಷರ ಜೊತೆ ಜಟಾಪಟಿ. ಟಿವಿ, ಪೇಪರ್‌ಗಳಲ್ಲಿ ಕ್ಲಫ್ ಮಾತು ಜಾಸ್ತಿಯಾಯಿತು ಅನ್ನೋದು ತಕರಾರು. ಇಬ್ಬರೂ ರಾಜೀನಾಮೆ ಕೊಟ್ಟು ಬ್ರೈಟನ್ ಕ್ಲಬ್ಬಿಗೆ ಹೋದರು.

1974ರ ಜುಲೈಯಲ್ಲಿ ಲೀಡ್ಸ್‌ನಿಂದ ಕರೆ ಬಂತು. ಟೇಲರ್ ಬರಲಿಲ್ಲ, ಬ್ರೈಟನ್‌ನಲ್ಲೇ ಉಳಿದರು. ಲೀಡ್ಸ್ ಆಗ ಹಾಲಿ ಚಾಂಪಿಯನ್. ಅದನ್ನು ಕಟ್ಟಿದ ಡಾನ್ ರೆವಿ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿ ಹೋಗಿದ್ದರು. ಇದೇ ಲೀಡ್ಸ್ ತಂಡದ್ದು ಕೊಳಕು ಆಟ ಅಂತ ಕ್ಲಫ್ ವರ್ಷಗಟ್ಟಲೆ ಬಹಿರಂಗವಾಗಿ ಬೈದಿದ್ದರು. ಬಂದವರೇ ಆಟಗಾರರನ್ನು ಕೂರಿಸಿಕೊಂಡು, ನಿಮ್ಮ ಮೆಡಲ್‌ಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಮೋಸ ಮಾಡಿ ಗೆದ್ದಿದ್ದು ಅವು ಅಂದರಂತೆ. ಗೆದ್ದು ಬಂದವರಿಗೆ ಹೀಗಂದರೆ ಯಾರು ತಾನೇ ಸಹಿಸುತ್ತಾರೆ?

ಆಗಸ್ಟ್‌ನಲ್ಲಿ ವೆಂಬ್ಲಿಯಲ್ಲಿ ಲಿವರ್‌ಪೂಲ್ ವಿರುದ್ಧ ಚಾರಿಟಿ ಶೀಲ್ಡ್ ಪಂದ್ಯ, ಸೀಸನ್ ಶುರುವಾಗುವ ಮುಂಚಿನ ಆಟ. ಲೀಡ್ಸ್ ನಾಯಕ ಬಿಲ್ಲಿ ಬ್ರೆಮ್ನರ್ ಮತ್ತು ಲಿವರ್‌ಪೂಲ್‌ನ ಕೆವಿನ್ ಕೀಗನ್ ಕೈ ಕೈ ಮಿಲಾಯಿಸಿದರು. ರೆಫರಿ ಇಬ್ಬರನ್ನೂ ಹೊರಹಾಕಿದರು. ಇಬ್ಬರೂ ಶರ್ಟ್ ಕಿತ್ತು ಬಿಸಾಕಿ ಬರಿಮೈಯಲ್ಲಿ ನಡೆದು ಹೋದರು. ಹೊಸ ಮ್ಯಾನೇಜರ್‌ಗೆ ಶುರುವಾತೇ ಹೀಗೆ. ಆಮೇಲೆ ಆರು ಲೀಗ್ ಪಂದ್ಯಗಳಲ್ಲಿ ಗೆದ್ದಿದ್ದು ಒಂದೇ ಒಂದು. ಸೆಪ್ಟೆಂಬರ್ 12ಕ್ಕೆ ಕೆಲಸ ಹೋಯಿತು.

ಅವತ್ತೇ ಸಂಜೆ ಯಾರ್ಕ್‌ಷೈರ್ ಟಿವಿ ಕ್ಲಫ್ ಮತ್ತು ರೆವಿಯನ್ನು ಅಕ್ಕಪಕ್ಕ ಕೂರಿಸಿತು. ನಾನು ಲೀಗನ್ನು ನಿಮಗಿಂತ ಚೆನ್ನಾಗಿ ಗೆಲ್ಲಬೇಕು ಅಂತಿದ್ದೆ ಅಂದರು ಕ್ಲಫ್. ಅದು ಹೇಗಾಗುತ್ತೆ, ನಾವು ಸೋತಿದ್ದೇ ನಾಲ್ಕು ಪಂದ್ಯ ಅಂದರು ರೆವಿ. ಹಾಗಾದರೆ ನಾನು ಮೂರು ಸೋಲುತ್ತಿದ್ದೆ, ಅಷ್ಟೇ ಅಂದರು ಕ್ಲಫ್! ಕೆಲಸ ಹೋದ ದಿನವೂ ಇಂಥ ಮಾತು. ನನಗಂತೂ ಆ ಧೈರ್ಯ ಇಷ್ಟ. ಆದರೆ ಆ 44 ದಿನ ಒಳಗೆ ಕೂತು 'ಸಾಕು ನಿಲ್ಲಿಸು' ಅನ್ನೋಕೆ ಟೇಲರ್ ಇರಲಿಲ್ಲ ಅನ್ನೋದೂ ಅಷ್ಟೇ ಸತ್ಯ.

1975ರ ಜನವರಿಯಲ್ಲಿ ಕ್ಲಫ್ ಎರಡನೇ ಡಿವಿಷನ್ನಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಂದರು. ಮೊದಲ ಒಂದೂವರೆ ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 1976ರ ಜುಲೈಯಲ್ಲಿ ಟೇಲರ್ ಬಂದರು, ಗಾಳಿಯೇ ಬದಲಾಯಿತು. ಕೆನ್ನಿ ಬರ್ನ್ಸ್ ಅಂತ ಒಬ್ಬ ಇದ್ದ, ಜಗಳಗಂಟ ಅಂತ ಹೆಸರಾದ ಸ್ಟ್ರೈಕರ್. ಅವನನ್ನು ತಂದು ಡಿಫೆನ್ಸ್‌ನಲ್ಲಿ ನಿಲ್ಲಿಸಿದರು. 1978ರಲ್ಲಿ ಫುಟ್‌ಬಾಲ್ ಪತ್ರಕರ್ತರು ಅವನನ್ನೇ ವರ್ಷದ ಆಟಗಾರ ಅಂತ ಆರಿಸಿದರು. ಜಾನ್ ರಾಬರ್ಟ್‌ಸನ್ ಮೈ ಬೆಳೆಸಿಕೊಂಡು, ಸಿಗರೇಟ್ ಸೇದಿಕೊಂಡು ಮೂಲೆಗೆ ಬಿದ್ದಿದ್ದ. ಇವರಿಬ್ಬರ ಕೈಗೆ ಸಿಕ್ಕಿ ಎಡಬದಿಯ ವಿಂಗರ್ ಆದ. ಇಲ್ಲಿ ಕಸದ ಬುಟ್ಟಿಗೆ ಹಾಕೋಕೆ ಹೆಚ್ಚಿನವರ ಹತ್ತಿರ ಮೆಡಲ್ ಇರಲಿಲ್ಲ ಅನ್ನಬಹುದು. ಎಲ್ಲರಿಗೂ ಗೆಲ್ಲುವ ಹಸಿವು, ಕ್ಲಫ್ ಎಷ್ಟು ಬೈದರೂ ಕೇಳಿಸಿಕೊಳ್ಳುತ್ತಿದ್ದರು.

1977ರಲ್ಲಿ ಮೊದಲ ಡಿವಿಷನ್‌ಗೆ ಬಡ್ತಿ, 1978ರಲ್ಲಿ ಲೀಗ್ ಚಾಂಪಿಯನ್. 1979ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಸ್ವೀಡನ್ನಿನ ಮಾಲ್ಮೋ ವಿರುದ್ಧ 1-0 ಗೆಲುವು. ರಾಬರ್ಟ್‌ಸನ್ ಹಾಕಿದ ಕ್ರಾಸ್‌ಗೆ ಟ್ರೆವರ್ ಫ್ರಾನ್ಸಿಸ್ ತಲೆ ಕೊಟ್ಟು ಗೋಲು ಹೊಡೆದರು. ಮರುವರ್ಷದ ಫೈನಲ್‌ನಲ್ಲೂ ಮ್ಯಾಡ್ರಿಡ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್ ವಿರುದ್ಧ 1-0, ಗೋಲು ಹೊಡೆದಿದ್ದು ರಾಬರ್ಟ್‌ಸನ್ನೇ.

1982ರಲ್ಲಿ ಟೇಲರ್ ಫಾರೆಸ್ಟ್ ಬಿಟ್ಟರು. ಡರ್ಬಿಯ ಮ್ಯಾನೇಜರ್ ಆಗಿ, ಮುಂದಿನ ವರ್ಷ ಅದೇ ರಾಬರ್ಟ್‌ಸನ್‌ನನ್ನು ಕ್ಲಫ್‌ಗೆ ಹೇಳದೆ ತಮ್ಮ ತಂಡಕ್ಕೆ ಸೇರಿಸಿಕೊಂಡರು. ಅಲ್ಲಿಗೆ ಮಾತು ನಿಂತಿತು. 1990ರಲ್ಲಿ ಟೇಲರ್ ತೀರಿಕೊಳ್ಳುವವರೆಗೂ ಇಬ್ಬರೂ ಮಾತಾಡಲಿಲ್ಲ. ಕ್ಲಫ್ ಅಂತ್ಯಕ್ರಿಯೆಗೆ ಹೋಗಿದ್ದರು. ಟೇಲರ್ ಹೋದ ಮೇಲೆ 11 ವರ್ಷ ಫಾರೆಸ್ಟ್‌ನಲ್ಲೇ ಇದ್ದ ಕ್ಲಫ್, ಇನ್ನೊಮ್ಮೆ ಲೀಗ್ ಗೆಲ್ಲಲೇ ಇಲ್ಲ.