ಒತ್ತಿದ ಅಚ್ಚು ಒಣಗುವುದಿಲ್ಲವೇಕೆ?

ಪ್ರಶ್ನೆ: ನಾವು ವಿರಾಜಪೇಟೆಯ ಸಮೀಪ ಕಾಫಿ ತೋಟದಲ್ಲಿ ವಾಸವಾಗಿದ್ದೇವೆ. ಹುತ್ತರಿಗೂ ಕ್ರಿಸ್ಮಸ್‌ಗೂ ನೆಂಟರಿಷ್ಟರಿಗೆ ಕೊಡಲೆಂದು ಮಕ್ಕಳೊಡನೆ ಸೇರಿ ರಬ್ಬರ್ ಸ್ಟ್ಯಾಂಪ್ ಒತ್ತಿ ತೂಗುಬಿಲ್ಲೆ, ಹೆಸರುಚೀಟಿ, ಬಟ್ಟೆಯ ಪುಟ್ಟ ಚೀಲಗಳನ್ನು ಮಾಡುತ್ತೇವೆ. ಒತ್ತಿದ ಚಿತ್ರ ದಿನಗಟ್ಟಲೆ ಒಣಗದೆ ಕೈಗೆ ಹತ್ತುತ್ತದೆ. ಮರದ ಬಿಲ್ಲೆಯ ಮೇಲಾದರೆ ಗೆರೆಗಳು ಹರಡಿ ಮಸುಕಾಗುತ್ತವೆ. ತಪ್ಪು ಸ್ಟ್ಯಾಂಪಿನದೋ, ಶಾಯಿಯದೋ, ನಮ್ಮ ಕೈಯದೋ? ಕಳೆದ ವರ್ಷ ಹಾಳಾದ ಬಿಲ್ಲೆಗಳನ್ನು ಉಳಿಸಿಕೊಳ್ಳಲು ದಾರಿಯಿದೆಯೇ?

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ, ಸ್ಟ್ಯಾಂಪಿನಲ್ಲಿಯೂ ಬಹುಶಃ ಇಲ್ಲ. ಶಾಯಿಗೂ ಅದು ಕೂರಬೇಕಾದ ಮೈಗೂ ಹೊಂದಾಣಿಕೆ ಇಲ್ಲದಿರುವುದೇ ಮೂಲ ಕಾರಣ, ಮತ್ತು ನಮ್ಮ ಕೊಡಗಿನ ತೇವದ ಗಾಳಿ ಆ ದೋಷವನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಇದೇ ಪೆಟ್ಟನ್ನು ನಾನೂ ತಿಂದಿದ್ದೇನೆ. ಕಾಫಿ ಪುಡಿಯ ಪೊಟ್ಟಣಗಳಿಗೆ ಕಟ್ಟಲೆಂದು ನುಣುಪು ಕಾಗದದ ಮೇಲೆ ಕದಿರಿನ ಚಿತ್ರ ಒತ್ತಿ ನಲವತ್ತು ಚೀಟಿಗಳನ್ನು ಸಿದ್ಧಪಡಿಸಿದ್ದೆ. ಎರಡು ದಿನ ಬಿಟ್ಟು ಸೆಣಬಿನ ದಾರ ಪೋಣಿಸಲು ಕುಳಿತಾಗ ಮೊದಲನೆಯ ಚೀಟಿಯಲ್ಲಿಯೇ ಹೆಬ್ಬೆರಳಿಗೆ ನೇರಳೆ ಬಣ್ಣ ಹತ್ತಿ, ಕದಿರಿನ ಕಾಳುಗಳೆಲ್ಲ ಒಂದೇ ಗೀರಾಗಿ ಎಳೆದುಕೊಂಡವು. ಅಂದು ಬಳಸಿದ್ದು ಕಚೇರಿಗಳಲ್ಲಿ ಮೊಹರು ಒತ್ತಲು ಇಡುವ ಸಾಮಾನ್ಯ ಸ್ಟ್ಯಾಂಪ್ ಪ್ಯಾಡ್.

ಆ ಪ್ಯಾಡಿನ ಶಾಯಿಯಲ್ಲಿ ನೀರು ಮತ್ತು ಬಣ್ಣದ ಜೊತೆಗೆ ಗ್ಲಿಸರಿನ್ ಅಥವಾ ಅದೇ ಜಾತಿಯ ಗ್ಲೈಕಾಲ್ ದ್ರವ ಇರುತ್ತದೆ. ಮುಚ್ಚಳ ತೆರೆದಿಟ್ಟರೂ ಪ್ಯಾಡ್ ಬೇಗ ಒಣಗಿಹೋಗಬಾರದೆಂಬುದು ಅದರ ಉದ್ದೇಶ. ಗ್ಲಿಸರಿನ್‌ಗೆ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುವ ಗುಣವಿದೆ. ಸಾಧಾರಣ ಬರೆಯುವ ಕಾಗದದ ಮೇಲೆ ಇದರಿಂದ ತೊಂದರೆಯಾಗುವುದಿಲ್ಲ, ಏಕೆಂದರೆ ಅಲ್ಲಿ ಶಾಯಿ ಆವಿಯಾಗಿ ಒಣಗುವುದಕ್ಕಿಂತ ಮೊದಲೇ ಕಾಗದದ ನಾರಿನೊಳಕ್ಕೆ ಇಂಗಿಹೋಗಿರುತ್ತದೆ. ಮೈ ನುಣುಪಾಗಿದ್ದು ಹೀರಿಕೊಳ್ಳದೆ ಹೋದರೆ ಶಾಯಿ ಮೇಲೆಯೇ ನಿಲ್ಲುತ್ತದೆ, ಮಂಜು ಬಿದ್ದ ಬೆಳಗಿನ ಗಾಳಿಯಿಂದ ಮತ್ತಷ್ಟು ತೇವ ಕುಡಿಯುತ್ತದೆ, ವಾರ ಕಳೆದರೂ ಹಸಿಯಾಗಿಯೇ ಉಳಿಯುತ್ತದೆ. ಬಯಲುಸೀಮೆಯ ಒಣ ಹವೆಯಲ್ಲಿ ಹೇಗೋ ನಡೆದುಹೋಗುವ ಕೆಲಸ ಮಡಿಕೇರಿಯಲ್ಲಿಯೂ ವಿರಾಜಪೇಟೆಯಲ್ಲಿಯೂ ನಡೆಯದಿರುವುದಕ್ಕೆ ಕಾರಣ ಇದು.

ಕರಕುಶಲ ಸಾಮಗ್ರಿಗಳ ಅಂಗಡಿಯಲ್ಲಿ ಬೇರೆ ಬಗೆಯ ಶಾಯಿಗಳು ಸಿಗುತ್ತವೆ. ಡೈ ಶಾಯಿ ಎಂಬುದು ನೀರಿನಲ್ಲಿ ಕರಗಿದ ಬಣ್ಣ. ಕಾಗದದಲ್ಲಿ ಕ್ಷಣಾರ್ಧದಲ್ಲಿ ಇಂಗುತ್ತದೆ, ಆದರೆ ಬಿಸಿಲಿಗೆ ಮಂಕಾಗುತ್ತದೆ, ನೀರು ತಾಗಿದರೆ ಹರಡುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಕಣಗಳು ಕರಗದೆ ತೇಲುತ್ತಿರುತ್ತವೆ. ಬಣ್ಣ ಗಾಢ, ಬಾಳಿಕೆ ಹೆಚ್ಚು, ಒಣಗುವುದು ನಿಧಾನ. ಗಾಜು, ಲೋಹ, ಮೆರುಗು ಕೊಟ್ಟ ಪಿಂಗಾಣಿಗಳಿಗೆ ಆಲ್ಕೋಹಾಲಿನಂಥ ಬೇಗ ಆರುವ ದ್ರಾವಕದಲ್ಲಿ ಮಾಡಿದ ಶಾಯಿಯೇ ಬೇಕು, ಮತ್ತು ಅದನ್ನು ಕಿಟಕಿ ತೆರೆದಿಟ್ಟು ದೊಡ್ಡವರು ಬಳಸಬೇಕು. ಮಕ್ಕಳೊಡನೆ ಮಾಡುವ ಕೆಲಸಕ್ಕೆ ನನ್ನ ಆಯ್ಕೆ ಮಾತ್ರ ಇವು ಯಾವುವೂ ಅಲ್ಲ. ಬಟ್ಟೆಗೆ ಬಳಿಯುವ ಅಕ್ರಿಲಿಕ್ ಬಣ್ಣವನ್ನು ಪಾತ್ರೆ ತೊಳೆಯುವ ಸ್ಪಂಜಿನ ತುಂಡಿಗೆ ತೆಳುವಾಗಿ ಸವರಿಕೊಂಡು, ಆ ಸ್ಪಂಜಿನಿಂದ ಸ್ಟ್ಯಾಂಪಿಗೆ ತಟ್ಟಿ ಒತ್ತಿದರೆ ಕಾಗದ, ಮರ, ಮಣ್ಣು, ಬಟ್ಟೆ ಎಲ್ಲದರ ಮೇಲೂ ಗಂಟೆಯೊಳಗೆ ಒಣಗುತ್ತದೆ. ಒಮ್ಮೆ ಒಣಗಿದ ಮೇಲೆ ಅದು ನೀರಿಗೆ ಕರಗದಿರುವುದರಿಂದ ಸ್ಟ್ಯಾಂಪನ್ನು ಕೂಡಲೇ ತೊಳೆಯಬೇಕಾಗುತ್ತದೆ. ಇದೊಂದೇ ಅದರ ಕಾಟ.

ಇನ್ನು ಮರದ ಬಿಲ್ಲೆಯ ವಿಚಾರ. ಮರಗಸಿಯಲ್ಲಿ, ಅಂದರೆ ತೋಟದ ನೆರಳುಮರಗಳನ್ನು ಸವರುವಾಗ, ಕಡಿದ ಸಿಲ್ವರ್ ಓಕ್ ಕೊಂಬೆಗಳೂ ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ಕಾಂಡಗಳೂ ನಮ್ಮ ತೋಟಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಬಿಲ್ಲೆಗೆ ಅವು ಚೆನ್ನಾಗಿಯೇ ಒದಗುತ್ತವೆ. ಕೊಂಬೆಯನ್ನು ಅಡ್ಡಕ್ಕೆ ಕೊಯ್ದಾಗ ಕಾಣುವ ಮೈ, ಬೇರಿನಿಂದ ಎಲೆಗೆ ನೀರು ಏರುವ ಕೊಳವೆಗಳ ಬಾಯಿ ಎಂಬುದನ್ನು ನೆನಪಿಡಬೇಕು. ಕಟ್ಟು ಕಟ್ಟಿದ ಹುಲ್ಲುಕಡ್ಡಿಗಳ ತುದಿಯ ಮೇಲೆ ಶಾಯಿ ಸುರಿದಂತೆ, ಒತ್ತಿದ ಬಣ್ಣ ಆ ಕೊಳವೆಗಳೊಳಗೆ ಎಳೆದುಕೊಂಡು ಪಕ್ಕಕ್ಕೂ ಹರಡುತ್ತದೆ. ಮರ ಹಸಿಯಾಗಿದ್ದರಂತೂ ಕೇಳುವುದೇ ಬೇಡ. ನೀವು ಬರೆದಿರುವ ಮಸುಕಿಗೆ ಕಾರಣ ಇದೇ. ಆದ್ದರಿಂದ ಒಂದು ಸೆಂಟಿಮೀಟರ್ ದಪ್ಪಕ್ಕೆ ಕೊಯ್ದ ಬಿಲ್ಲೆಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಕೆಲವು ವಾರ ನಿಧಾನವಾಗಿ ಆರಲು ಬಿಡಬೇಕು. ಅವಸರದಿಂದ ಬಿಸಿಲಿಗೋ ಒಲೆಯ ಮೇಲಿನ ಅಟ್ಟಕ್ಕೋ ಇಟ್ಟರೆ ಸೀಳುತ್ತವೆ, ಏಕೆಂದರೆ ಮರ ಆರುವಾಗ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುತ್ತಳತೆಯಲ್ಲಿ ಸುಮಾರು ಇಮ್ಮಡಿ ಕುಗ್ಗುತ್ತದೆ. ಆ ಎಳೆತ ತಾಳಲಾರದೆ ಅಂಚಿನಿಂದ ನಡುವಿಗೆ ಬಿರುಕು ಬಿಡುತ್ತದೆ. ಆರಿದ ಮೇಲೆ 120ರ ಮರಳು ಕಾಗದದಿಂದಲೂ ಅನಂತರ 220ರದರಿಂದಲೂ ಉಜ್ಜಿ, ಧೂಳು ಒರೆಸಿ, ಫೆವಿಕಾಲನ್ನು ಸಮಪಾಲು ನೀರಿನಲ್ಲಿ ಕದಡಿ ಒಂದು ಕೈ ತೆಳುವಾಗಿ ಬಳಿಯಿರಿ. ಅದು ಒಣಗಿದ ಮೇಲೆ ಇನ್ನೊಮ್ಮೆ ಹಗುರವಾಗಿ ಉಜ್ಜಿದರೆ ಕೊಳವೆಗಳ ಬಾಯಿ ಮುಚ್ಚಿ, ಗೆರೆ ಗೆರೆಯಾಗಿಯೇ ನಿಲ್ಲುತ್ತದೆ.

ಆದರೆ ತೂಗುಹಾಕುವ ಅಲಂಕಾರಕ್ಕೆ ನನ್ನನ್ನು ಕೇಳಿದರೆ, ಶಾಯಿಯ ಗೊಡವೆಯನ್ನೇ ಬಿಟ್ಟು ರಬ್ಬರ್ ಸ್ಟ್ಯಾಂಪನ್ನು ಹಸಿ ಹಿಟ್ಟಿಗೆ ಒತ್ತಿ ಉಬ್ಬುಚಿತ್ರ ಪಡೆಯುವುದು ನಮ್ಮ ಹವೆಗೆ ಎಲ್ಲಕ್ಕಿಂತ ಒಗ್ಗುವ ಮಾರ್ಗ ಎಂದೇ ಹೇಳುತ್ತೇನೆ. ಅನೇಕರು ಇದಕ್ಕೆ ಮೈದಾ ಮತ್ತು ಉಪ್ಪಿನ ಹಿಟ್ಟನ್ನು ಸೂಚಿಸುತ್ತಾರೆ. ಕೊಡಗಿನಲ್ಲಿ ಅದು ಬೇಡ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುವುದನ್ನು ಕಂಡವರಿಗೆ ಆ ಬಿಲ್ಲೆಗಳ ಗತಿ ಏನಾದೀತೆಂದು ವಿವರಿಸಬೇಕಾಗಿಲ್ಲ. ಜೂನ್ ತಿಂಗಳಿಗೆ ಅವು ಮೆತ್ತಗಾಗಿ ದಾರ ಹರಿದುಕೊಂಡು ಬೀಳುತ್ತವೆ. ಅದರ ಬದಲು ಎರಡು ಲೋಟ ಅಡುಗೆ ಸೋಡಾ, ಒಂದು ಲೋಟ ಕಾರ್ನ್‌ಫ್ಲೋರ್, ಒಂದೂಕಾಲು ಲೋಟ ನೀರನ್ನು ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿ ಬಿಡದೆ ತಿರುವಿರಿ. ಮೊದಲು ಹಾಲಿನಂತಿದ್ದು, ಆಮೇಲೆ ತಳದಲ್ಲಿ ಗಟ್ಟಿಯಾಗತೊಡಗಿ, ಒಮ್ಮೆಗೇ ಮುದ್ದೆ ಕಟ್ಟುತ್ತದೆ. ಅಕ್ಕಿತರಿಯ ಕಡಂಬುಟ್ಟು ಉಂಡೆ ಕಟ್ಟುವಾಗ ಹಿಟ್ಟು ಯಾವ ಹದದಲ್ಲಿರುತ್ತದೆಯೋ ಆ ಹದಕ್ಕೆ ಬಂದಾಗ ಇಳಿಸಿ, ಒದ್ದೆ ಬಟ್ಟೆ ಮುಚ್ಚಿ ಆರಲು ಬಿಟ್ಟು, ಚೆನ್ನಾಗಿ ನಾದಬೇಕು. ಅದು ಅಚ್ಚ ಬಿಳಿಯಾಗಿ, ಬೆರಳಿಗೆ ಅಂಟದಂತೆ ನುಣ್ಣಗಿರುತ್ತದೆ.

ಈ ಹಿಟ್ಟನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಸ್ಟ್ಯಾಂಪಿನ ಮುಖಕ್ಕೆ ಕಾರ್ನ್‌ಫ್ಲೋರ್ ಹುಡಿಯನ್ನು ಕುಂಚದಿಂದ ಹಗುರವಾಗಿ ಸವರಿ, ನೇರವಾಗಿ ಒತ್ತಿ ನೇರವಾಗಿಯೇ ಎತ್ತಬೇಕು. ಆಮೇಲೆ ಲೋಟದ ಬಾಯಿಯಿಂದ ಬಿಲ್ಲೆ ಕತ್ತರಿಸುವುದು. ಮೊದಲೇ ಕತ್ತರಿಸಿದರೆ ಒತ್ತುವಾಗ ಅಂಚು ಉಬ್ಬಿ ಗುಂಡಗಿನ ಆಕಾರ ಕೆಡುತ್ತದೆ. ಒಣಗುವಾಗ ಬಿಲ್ಲೆ ಕುಗ್ಗುವುದರಿಂದ ದಾರದ ತೂತು ಬೇಕಾದುದಕ್ಕಿಂತ ತುಸು ದೊಡ್ಡದಿರಲಿ. ಎರಡು ಮೂರು ದಿನ ನೆರಳಿನಲ್ಲಿಟ್ಟು ದಿನಕ್ಕೆರಡು ಬಾರಿ ಮಗುಚಿ ಹಾಕಬೇಕು, ಇಲ್ಲದಿದ್ದರೆ ಮೇಲ್ಮೈ ಮೊದಲು ಒಣಗಿ ಬಿಲ್ಲೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಪೂರ್ತಿ ಒಣಗಿದ ಮೇಲೆ ಕಾಫಿ ಬಣ್ಣದ ಅಕ್ರಿಲಿಕ್ ಅನ್ನು ನೀರಾಗಿ ಕಲಸಿ ಬಳಿದು, ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈ ಒರೆಸಿಬಿಟ್ಟರೆ ಬಣ್ಣ ತಗ್ಗುಗಳಲ್ಲಿ ಮಾತ್ರ ಉಳಿದು, ಕಾಫಿ ಎಲೆಯ ನರ, ಭತ್ತದ ಕದಿರು, ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಹಿಡಿ ಎಲ್ಲವೂ ಹಳೆಯ ದಂತದ ಕೆತ್ತನೆಯ ಹಾಗೆ ಎದ್ದು ಬರುತ್ತವೆ. ಕೊನೆಗೆ ವಾರ್ನಿಶ್ ಎರಡು ಕೈ, ಅದೂ ಹಿಂದೆ, ಮುಂದೆ, ಅಂಚಿಗೆ, ತೂತಿನ ಒಳಗೋಡೆಗೆ ಕೂಡ. ಬಳಿಯದೆ ಬಿಟ್ಟ ಒಂದು ಜಾಗ ಸಿಕ್ಕರೆ ಸಾಕು, ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ.

ಶಾಯಿಯಿಂದ ಒತ್ತಿದ ಬಿಲ್ಲೆಗೆ ವಾರ್ನಿಶ್ ಹಾಕುವಾಗ ಎಚ್ಚರಿಕೆ ಬೇಕು: ನೀರಿನ ವಾರ್ನಿಶನ್ನು ಕುಂಚದಿಂದ ಎಳೆದರೆ ಡೈ ಶಾಯಿ ಜೊತೆಗೇ ಎಳೆದುಕೊಂಡು ಬರುತ್ತದೆ. ಅಂಥದ್ದಕ್ಕೆ ಸಿಂಪಡಿಸುವ ವಾರ್ನಿಶನ್ನು ದೂರದಿಂದ, ತೆಳುವಾಗಿ, ಹಲವು ಬಾರಿ ಹಾಕುವುದು ಕ್ಷೇಮ.

ಏಲಕ್ಕಿ, ಕಾಳುಮೆಣಸು, ಕಾಫಿ ಪುಡಿ ತುಂಬಿ ಕೊಡುವ ಹತ್ತಿಬಟ್ಟೆಯ ಚೀಲಗಳನ್ನು ಮೊದಲು ತೊಳೆದು ಗಂಜಿ ಬಿಡಿಸಿ, ಒಳಗೊಂದು ರಟ್ಟಿನ ತುಂಡು ಇಟ್ಟುಕೊಂಡು ಒತ್ತಿರಿ. ರಟ್ಟಿಲ್ಲದಿದ್ದರೆ ಬಣ್ಣ ಹಿಂಭಾಗಕ್ಕೂ ಇಳಿಯುತ್ತದೆ. ಒಂದು ದಿನ ಬಿಟ್ಟು, ಒಳಮೈಯನ್ನು ಹೊರಗೆ ಮಾಡಿ ಇಸ್ತ್ರಿ ಹಾಕಿದರೆ ಬಟ್ಟೆಯ ಬಣ್ಣ ಗಟ್ಟಿಯಾಗಿ ಕೂರುತ್ತದೆ. ತಿನ್ನುವ ಪದಾರ್ಥಕ್ಕೆ ಬಣ್ಣ ತಾಗಬಾರದು. ಒಳಗೆ ಬೇರೆ ಪೊಟ್ಟಣ ಇರಲೇಬೇಕು.

ಸ್ಟ್ಯಾಂಪಿನ ಮೇಲೂ ನಿಮಗೆ ಅನುಮಾನವಿರುವುದರಿಂದ ಅದರ ವಿಚಾರವಾಗಿ ಎರಡು ಮಾತು. 1770ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಪೆನ್ಸಿಲ್ ಗುರುತನ್ನು ಅಳಿಸಬಲ್ಲ ವಸ್ತುವೆಂದು ಬರೆದಿಟ್ಟ ರಬ್ಬರು ಸೆಕೆಗೆ ಅಂಟಂಟಾಗುತ್ತಿತ್ತು, ಚಳಿಗೆ ಬಿರುಸಾಗುತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸುವ ವಿಧಾನವನ್ನು ಕಂಡುಕೊಂಡ ಮೇಲೆಯೇ ರಬ್ಬರು ಒತ್ತಿದಾಗ ಬಾಗಿ, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುವಷ್ಟು ಗಟ್ಟಿಯಾಯಿತು. ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆ ಹೊರಟರೆ ರಸ್ತೆಯ ಅಕ್ಕಪಕ್ಕದ ಮರಗಳಲ್ಲಿ ಚಿಪ್ಪು ಕಟ್ಟಿ ಇಳಿಸುವ ಹಾಲೇ ಇದರ ಮೂಲವಸ್ತು. ಮಕ್ಕಳು ಮನೆಯಲ್ಲಿ ಕೆತ್ತಲು ಬಳಸುವ ಬಿಳಿಯ ಅಳಿಸುರಬ್ಬರು ಮಾತ್ರ ಹೆಚ್ಚಾಗಿ ರಬ್ಬರೇ ಅಲ್ಲ, ಮೆದುವಾಗಿಸಿದ ಪ್ಲಾಸ್ಟಿಕ್ಕು. ಬ್ಲೇಡಿಗೆ ಬೆಣ್ಣೆಯಂತೆ ಕೊಯ್ಯಬರುತ್ತದೆ.

ಕೆತ್ತುವಾಗ ಗೆರೆಯ ಬುಡವನ್ನು ಒಳಕ್ಕೆ ಕೊರೆಯದೆ, ಎರಡು ಕಡೆಗೂ ಇಳಿಜಾರಾಗಿ ಬಿಡಬೇಕು. ಬುಡ ಸಣ್ಣಗಾದ ಗೆರೆ ಒತ್ತಿದಾಗ ಮಗ್ಗುಲಿಗೆ ಬಾಗಿ ಎರಡೆರಡಾಗಿ ಮೂಡುತ್ತದೆ. ಚಿತ್ರವನ್ನು 2ಬಿ ಪೆನ್ಸಿಲಿನಲ್ಲಿ ಕಾಗದದ ಮೇಲೆ ನೇರವಾಗಿಯೇ ಬರೆದು, ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ಕನ್ನಡಿಬಿಂಬವಾಗಿ ಇಳಿಯುತ್ತದೆ, ಒತ್ತಿದಾಗ ಸರಿಯಾಗಿ ಓದಲು ಬರುತ್ತದೆ. ನಮ್ಮ ಲಿಪಿ ದುಂಡಗಿನದು. ರ, ಠ, ಅ ಮೊದಲಾದ ಅಕ್ಷರಗಳ ಹೊಟ್ಟೆಯೊಳಗಿನ ಖಾಲಿ ಜಾಗವೂ ಒತ್ತಕ್ಷರದ ಬಾಲವೂ ಬಣ್ಣದಿಂದ ಬೇಗ ತುಂಬಿಹೋಗುವುದರಿಂದ ಅಕ್ಷರ ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗದಿರಲಿ. ಅದಕ್ಕಿಂತ ಸಣ್ಣ ಅಕ್ಷರ ಬೇಕಿದ್ದರೆ ಸೀಲು ಮಾಡಿಕೊಡುವ ಅಂಗಡಿಯಲ್ಲಿ ಮಾಡಿಸುವುದೇ ಸರಿ.

ಒತ್ತುವ ಕ್ರಮದಲ್ಲಿ ಒಂದೇ ಸೂಚನೆ. ಮರದ ಬಿಲ್ಲೆಯ ಮೈ ಎಂದೂ ಪೂರ್ತಿ ಸಮತಟ್ಟಾಗಿರುವುದಿಲ್ಲ. ಆದ್ದರಿಂದ ಸ್ಟ್ಯಾಂಪನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟು, ಬಿಲ್ಲೆಯನ್ನೇ ಅದರ ಮೇಲೆ ಕವುಚಿ, ಅಲುಗಿಸದೆ ಬೆರಳುಗಳಿಂದ ಎಲ್ಲ ಕಡೆ ಒತ್ತಿ ಎತ್ತಿರಿ.

ಕೆಲಸದ ಕಾಲವನ್ನೂ ಲೆಕ್ಕ ಹಾಕಬೇಕು. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಹುತ್ತರಿಯ ಮುಹೂರ್ತ ನಿಶ್ಚಯವಾದ ಕೂಡಲೇ ಹಿಂದಕ್ಕೆ ಎಣಿಸಿ, ಒಣಗಲು ಒಂದು ವಾರ ಸಿಗುವಂತೆ ಆರಂಭಿಸಿ. ಅರೇಬಿಕಾ ಹಣ್ಣು ಕೊಯ್ಯುವ ಗಡಿಬಿಡಿಯೂ ಆಗಲೇ ಬರುತ್ತದೆ. ಮಂಜು ಕರಗಿದ ಮೇಲೆ, ಹನ್ನೊಂದರಿಂದ ಮೂರು ಗಂಟೆಯೊಳಗೆ ಒತ್ತಿದ್ದು ಚೆನ್ನಾಗಿ ಒಣಗುತ್ತದೆ. ಸಂಜೆ ಒತ್ತಿದ್ದನ್ನು ಕೋಣೆಯೊಳಗೆ ಫ್ಯಾನಿನ ಕೆಳಗೆ ಹರಡಬೇಕು, ರಾತ್ರಿ ಜಗಲಿಯಲ್ಲಿ ಬಿಡಬಾರದು.

ಹಬ್ಬ ಮುಗಿದ ಮೇಲೆ ಸ್ಟ್ಯಾಂಪುಗಳನ್ನು ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದಿಡಿ. ಸೀಮೆಎಣ್ಣೆ, ಥಿನ್ನರ್ ಹಾಕಿದರೆ ರಬ್ಬರು ಉಬ್ಬಿ ಗೆರೆಗಳು ಕೆಡುತ್ತವೆ. ಅಳಿಸುರಬ್ಬರಿನಲ್ಲಿ ಕೆತ್ತಿದವನ್ನು ಕಾಗದದಲ್ಲಿ ಸುತ್ತಿಯೇ ಇಡಬೇಕು. ಬರಿದೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಅದರೊಳಗಿನ ಮೆದುಕಾರಕ ದ್ರವ ಡಬ್ಬಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡೂ ಅಂಟಿಕೊಳ್ಳುತ್ತವೆ.

ಕಳೆದ ವರ್ಷದ ಬಿಲ್ಲೆಗಳನ್ನು ಎಸೆಯಬೇಡಿ. ವರ್ಷವಿಡೀ ಮನೆಯೊಳಗಿದ್ದು ಈಗ ಅವು ಹೊಸ ಬಿಲ್ಲೆಗಳಿಗಿಂತ ಚೆನ್ನಾಗಿ ಆರಿರುತ್ತವೆ. ಶಾಯಿ ಮೇಲುಮೇಲಕ್ಕೆ ಇಂಗಿದ್ದರೆ 120ರ ಮರಳು ಕಾಗದದಲ್ಲಿ ಉಜ್ಜಿ ತೆಗೆಯಬಹುದು; ಆಳಕ್ಕೆ ಇಳಿದಿದ್ದರೆ ಬಿಲ್ಲೆಯನ್ನು ಮಗುಚಿ, ಹಿಂದಿನ ಮೈಯನ್ನು ಉಜ್ಜಿ, ಫೆವಿಕಾಲ್ ನೀರು ಬಳಿದು, ಅಕ್ರಿಲಿಕ್‌ನಲ್ಲಿ ಒತ್ತಿ. ಹಳೆಯ ಮುಖಕ್ಕೆ ಬಟ್ಟೆಯ ತುಂಡೊಂದನ್ನು ಅಂಟಿಸಿದರೆ ಆಯಿತು. ಬೂಷ್ಟು ಹಿಡಿದವನ್ನು ಮಾತ್ರ ಒಂದು ದಿನ ಬಿಸಿಲಿಗಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಉಜ್ಜಿರಿ.