ಮಠ, ಮಸೀದಿ, ಚರ್ಚ್ ಸೇರಿ ಸರ್ಕಾರದ ನೀತಿ ಕೇಳಬಹುದೇ?

ಪ್ರಶ್ನೆ: ನಮ್ಮದು ಲಿಂಗಸುಗೂರು ತಾಲೂಕಿನ ಒಂದು ಹಳ್ಳಿ. ಮಠದಲ್ಲಿ ದಾಸೋಹ ತಪ್ಪಿಲ್ಲ, ಜಮಾತಿನವರು ಜಕಾತ್ ಹಂಚುತ್ತಾರೆ, ಚರ್ಚಿನವರು ಹೊಲಿಗೆ ತರಬೇತಿ ನಡೆಸುತ್ತಾರೆ. ಆದರೂ ದೀಪಾವಳಿ ಮುಗಿದರೆ ಅರ್ಧ ಓಣಿ ಬೆಂಗಳೂರಿಗೆ ಗುಳೆ ಹೋಗುತ್ತದೆ. ಮಕ್ಕಳ ಶಾಲೆ ಅಲ್ಲಿಗೇ ನಿಲ್ಲುತ್ತದೆ. ಬಡತನ ತಗ್ಗಿಸುವ ನೀತಿಗಾಗಿ ಮೂರೂ ಕಡೆಯವರು ಕೂಡಿ ಸರ್ಕಾರವನ್ನು ಒತ್ತಾಯಿಸಬಹುದೇ? ಅದು ರಾಜಕೀಯ ಎನಿಸುವುದಿಲ್ಲವೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಖಂಡಿತ ಮಾಡಬಹುದು. ಮನವಿ ಕೊಡುವುದು, ಗ್ರಾಮಸಭೆಯಲ್ಲಿ ಮಾತಾಡುವುದು, ಶಾಸಕರನ್ನು ಕಾಣುವುದು, ಶಾಂತಿಯಿಂದ ಧರಣಿ ಕೂರುವುದು ಎಲ್ಲ ನಾಗರಿಕರ ಹಕ್ಕು. ಕಾವಿ, ಟೋಪಿ, ಶಿಲುಬೆ ಧರಿಸಿದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಆದರೆ ವ್ಯಕ್ತಿಗೆ ಇರುವಷ್ಟು ಸಲೀಸು ಧಾರ್ಮಿಕ ಸಂಸ್ಥೆಗೆ ಇಲ್ಲ. ಕಮಿಟಿಯವರಲ್ಲಿ ಬಹಳ ಜನಕ್ಕೆ ಈ ವ್ಯತ್ಯಾಸ ಗೊತ್ತಿಲ್ಲದ ಕಾರಣ ಕಾನೂನಿನ ಮಾತನ್ನೇ ಮೊದಲು ಹೇಳಬೇಕಾಗಿದೆ.

ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ಅಂತ 1988ರದ್ದೊಂದಿದೆ. ಪೂಜೆ-ಪ್ರಾರ್ಥನೆಯ ಆವರಣ, ಸಂಸ್ಥೆಯ ಹಣ, ಜಾತ್ರೆ-ಮೆರವಣಿಗೆ ಇವುಗಳನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದು ಎನ್ನುತ್ತದೆ ಅದು. ಶಿಕ್ಷೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಪಕ್ಷದ ಪ್ರಚಾರ ಮಾತ್ರವಲ್ಲ, ‘ರಾಜಕೀಯ ಸ್ವರೂಪದ ವಿಷಯ’ ಎನ್ನುವುದೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ. ಮಕ್ಕಳಿಗೆ ಹಾಸ್ಟೆಲ್ ಕೇಳುವುದನ್ನು ಯಾರೂ ಹಾಗೆ ಓದಲಿಕ್ಕಿಲ್ಲ. ಆದರೂ ಆಗದವರ ಕೈಗೆ ಕೋಲು ಕೊಡುವುದು ಯಾಕೆ? ಸಭೆಯನ್ನು ಗರ್ಭಗುಡಿಯ ಮುಂದೆ, ನಮಾಜಿನ ಹಾಲಿನಲ್ಲಿ ಇಟ್ಟುಕೊಳ್ಳಬೇಡಿ, ಶಾಲೆಯ ಬಯಲಿಗೋ ಪಂಚಾಯಿತಿ ಸಭಾಂಗಣಕ್ಕೋ ತನ್ನಿ. ಓಡಾಟದ ಖರ್ಚು ಹುಂಡಿಯಿಂದ ಬರಬಾರದು. ಮುಜರಾಯಿ ದೇವಸ್ಥಾನವಾದರೆ ಹುಂಡಿಯ ಹಣಕ್ಕೆ ಇಲಾಖೆಯ ಲೆಕ್ಕವೂ ಇರುತ್ತದೆ. ಹತ್ತಾರು ಜನ ಕೈಯಿಂದ ಹಾಕಿದ ದುಡ್ಡಿಗೆ ಬೇರೆ ವಹಿ ಇಡಿ. ವಿದೇಶದಿಂದ ದೇಣಿಗೆ ಬರುವ ಸಂಸ್ಥೆ ಇದ್ದರೆ ಆ ಖಾತೆಯನ್ನು ಈ ಕೆಲಸದಿಂದ ಪೂರ್ತಿ ದೂರ ಇಡಿ.

ಚುನಾವಣೆ ಘೋಷಣೆಯಾದ ದಿನದಿಂದ ಫಲಿತಾಂಶದವರೆಗೆ ಹೊಸ ಮನವಿ, ಹೊಸ ಸಭೆ ಬೇಡ. ಧರ್ಮದ ಹೆಸರಲ್ಲಿ ಮತ ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಭ್ರಷ್ಟ ಆಚರಣೆ. ಆ ದಿನಗಳಲ್ಲಿ ನಿಮ್ಮ ವೇದಿಕೆಯ ಮೇಲೆ ಒಬ್ಬ ಅಭ್ಯರ್ಥಿ ಬಂದು ಕೈಮುಗಿದು ಹೋದರೂ ಸಾಕು, ವರ್ಷದ ದುಡಿಮೆಗೆ ಪಕ್ಷದ ಬಣ್ಣ ಬಳಿಯುತ್ತಾರೆ.

ಇನ್ನು ಕೆಲಸದ ಮಾತು. ‘ಗುಳೆ ನಿಲ್ಲಿಸಿ’, ‘ಬಡತನ ಹೋಗಲಾಡಿಸಿ’ ಎಂಬ ಮನವಿಗಳು ಜಿಲ್ಲಾಧಿಕಾರಿ ಕಚೇರಿಯ ಕಪಾಟಿನಲ್ಲಿ ಕಟ್ಟುಗಟ್ಟಲೆ ಇವೆ. ಅವನ್ನು ಕೈಯಲ್ಲಿ ಹಿಡಿದ ಅಧಿಕಾರಿ ಏನು ಮಾಡಬೇಕು ಎಂಬುದು ಅದರಲ್ಲಿ ಇರುವುದೇ ಇಲ್ಲ. ಸ್ವಾಮೀಜಿ ಮನವಿ ಕೊಡುತ್ತಿರುವ ಫೋಟೊ ಮರುದಿನ ಪತ್ರಿಕೆಯಲ್ಲಿ ಬರುತ್ತದೆ, ಪತ್ರ ‘ಮುಂದಿನ ಕ್ರಮಕ್ಕಾಗಿ’ ಎಂಬ ಷರಾದೊಂದಿಗೆ ಮೇಜಿಂದ ಮೇಜಿಗೆ ಇಳಿದು ಕೊನೆಗೆ ನೀವು ದೂರಿದ ಅಧಿಕಾರಿಯ ಮೇಜಿಗೇ ಬಂದು ಕೂರುತ್ತದೆ.

ಅದಕ್ಕೇ ಬೇಡಿಕೆ ಬರೆಯುವ ಮುಂಚೆ ತೊಡಕು ಎಲ್ಲಿದೆ ಎಂದು ಹುಡುಕಬೇಕು. ನಿಯಮವೇ ತಪ್ಪಿದೆಯೇ, ನಿಯಮ ಸರಿಯಿದ್ದು ಹಣ ಇಲ್ಲವೇ, ಎರಡೂ ಇದ್ದು ಕೆಲಸ ನಡೆಯುತ್ತಿಲ್ಲವೇ? ರೇಷನ್ ಅಂಗಡಿಯಲ್ಲಿ ತೂಕ ಕಡಿಮೆ ಎಂದರೆ ಅದು ಆಹಾರ ನಿರೀಕ್ಷಕರ, ತಹಶೀಲ್ದಾರರ ಕೆಲಸ. ಅದಕ್ಕೆ ಮುಖ್ಯಮಂತ್ರಿಗೆ ಬರೆದರೆ ತಿಂಗಳುಗಳು ಹಾಳು. ಮಾಜಿ ದೇವದಾಸಿಯರ ಪಿಂಚಣಿಯ ಸಂಗತಿ ಇದಕ್ಕೆ ತದ್ವಿರುದ್ಧ. ಸರ್ಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ಸಮೀಕ್ಷೆ ಮಾಡಿ 46,660 ಮಹಿಳೆಯರನ್ನು ಪಟ್ಟಿ ಮಾಡಿತು. ಆ ಪಟ್ಟಿಯಲ್ಲಿ ಹೆಸರಿಲ್ಲದವರು ತಾಲೂಕು ಕಚೇರಿಗೆ ಎಷ್ಟು ಅಲೆದರೂ ಪ್ರಯೋಜನವಿರಲಿಲ್ಲ, ಅಲ್ಲಿನ ಗುಮಾಸ್ತರ ಕೈಯಲ್ಲಿ ಏನೂ ಇರಲಿಲ್ಲ. ಮರುಸಮೀಕ್ಷೆ ಎನ್ನುವುದು ರಾಜ್ಯ ಸರ್ಕಾರವೇ ಮಾಡಬೇಕಾದ ತೀರ್ಮಾನ. ಅಂಥ ಕಡೆ ಧಾರ್ಮಿಕ ಮುಖಂಡರ ಮಾತಿಗೆ ತೂಕ ಹೆಚ್ಚು. ಮುತ್ತು ಕಟ್ಟುವ ಪದ್ಧತಿ, ಅಂದರೆ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದು, ಗುಡಿಯ ಹೆಸರಲ್ಲೇ ನಡೆದದ್ದರಿಂದ, ಅದು ಧರ್ಮವಲ್ಲ ಎಂದು ಗುಡಿಯ ಕಡೆಯಿಂದಲೇ ಯಾರಾದರೂ ಹೇಳಬೇಕಿತ್ತು.

ನಿಮ್ಮ ಊರಿನ ಗುಳೆಯ ವಿಷಯಕ್ಕೆ ಬರೋಣ. ತಂದೆ-ತಾಯಿ ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಋತುಮಾನ ಹಾಸ್ಟೆಲಿಗೆ ಅವಕಾಶವಿದೆ. ನಿಯಮ ಉಂಟು, ಹಣದ ಶೀರ್ಷಿಕೆಯೂ ಉಂಟು. ನೋಡಬೇಕಾದದ್ದು ಸಮಯವನ್ನು. ಜನ ದೀಪಾವಳಿಗೆ ಹೊರಟು ಮಂಜೂರಾತಿ ಆದೇಶ ಸಂಕ್ರಾಂತಿಗೆ ಬಂದರೆ, ಹಾಸ್ಟೆಲ್ ತೆರೆಯುವ ಹೊತ್ತಿಗೆ ಮಗು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡು ಕೂತಿರುತ್ತದೆ. ನಿಮ್ಮ ತಾಲೂಕಿನಲ್ಲಿ ಹೀಗೇ ಆಗುತ್ತಿದೆ ಎಂದು ದಾಖಲೆಯಿಂದ ಖಚಿತವಾದರೆ ಬೇಡಿಕೆ ಒಂದೇ ಸಾಲು: ‘ಋತುಮಾನ ಹಾಸ್ಟೆಲಿನ ಮಂಜೂರಾತಿ ಆದೇಶ ಜುಲೈ ಒಳಗೆ ಹೊರಡಬೇಕು, ಅಕ್ಟೋಬರ್ 15ಕ್ಕೆ ಬಾಗಿಲು ತೆರೆದಿರಬೇಕು.’ ಇದಕ್ಕೆ ಹೊಸದಾಗಿ ಒಂದು ರೂಪಾಯಿ ಬೇಕಿಲ್ಲ. ಹಣ ಬೇಡದ, ತಾರೀಖು ಮಾತ್ರ ಬದಲಿಸುವ ಬೇಡಿಕೆಗೆ ಹಣಕಾಸು ಇಲಾಖೆ ಅಡ್ಡ ಬರುವುದಿಲ್ಲ. ಮೊದಲ ಬೇಡಿಕೆ ಇಂಥದ್ದೇ ಇರಲಿ.

ದಾಖಲೆ ಎಲ್ಲಿಂದ? ಶಾಲೆಯ ಹಾಜರಿ ಪುಸ್ತಕದಿಂದ. ಒಂದೇ ಶಾಲೆಯ ಸೆಪ್ಟೆಂಬರ್ ಮತ್ತು ಜನವರಿ ಹಾಜರಿಯನ್ನು ತರಗತಿವಾರು ಪಕ್ಕಪಕ್ಕ ಬರೆದರೆ ಗುಳೆಯ ಲೆಕ್ಕ ತಾನೇ ಎದ್ದು ಕಾಣುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿದರೆ ಮುಖ್ಯಶಿಕ್ಷಕರು ಒಟ್ಟು ಸಂಖ್ಯೆ ಕೊಡಲು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಹಿಂದಿನ ಮೂರು ವರ್ಷ ಹಾಸ್ಟೆಲ್ ಮಂಜೂರಾದ ದಿನ, ತೆರೆದ ದಿನ, ದಾಖಲಾದ ಮಕ್ಕಳ ಸಂಖ್ಯೆ ಬೇಕೆಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪೀಠಿಕೆ, ಸುವಿಚಾರ ಸೇರಿಸಿ ಉದ್ದ ಮಾಡಿದ ಅರ್ಜಿ ಇದೇ ಕಾರಣಕ್ಕೆ ವಾಪಸ್ ಬರುತ್ತದೆ. ಇದರ ಜೊತೆಗೆ ಎರಡು-ಮೂರು ಓಣಿಯ ನಲವತ್ತು ಐವತ್ತು ಮನೆ ಸುತ್ತಿ ಯಾರು, ಯಾವ ತಿಂಗಳು, ಎಲ್ಲಿಗೆ ಹೋದರು, ಮಕ್ಕಳನ್ನು ಎಲ್ಲಿ ಬಿಟ್ಟರು ಎಂದು ಬರೆದುಕೊಳ್ಳಿ. ಆಧಾರ್ ಸಂಖ್ಯೆ ಬೇಡ, ಮನವಿಯಲ್ಲಿ ಹೆಸರೂ ಬೇಡ, ಸಂಖ್ಯೆ ಸಾಕು.

ಈ ಸುತ್ತಾಟದಲ್ಲಿ ಆಗುವ ದೊಡ್ಡ ತಪ್ಪು ಒಂದಿದೆ. ಮಠದವರು ತಮ್ಮ ಭಕ್ತರ ಮನೆ, ಜಮಾತಿನವರು ತಮ್ಮ ಮೊಹಲ್ಲಾ, ಚರ್ಚಿನವರು ತಮ್ಮ ವಿಶ್ವಾಸಿಗಳ ಮನೆ ಮಾತ್ರ ಎಣಿಸುತ್ತಾರೆ. ಆಗ ಅದು ಬಡವರ ಪಟ್ಟಿಯಾಗುವುದಿಲ್ಲ, ಮೂರು ಸಮುದಾಯಗಳ ಪಟ್ಟಿಯಾಗುತ್ತದೆ. ಅದನ್ನು ನೋಡಿದ ಅಧಿಕಾರಿ ಮನಸ್ಸಿನಲ್ಲೇ ಜಾತಿಯ ಲೆಕ್ಕ ಹಾಕುತ್ತಾರೆ. ಒಂದೊಂದು ಓಣಿಗೂ ಮೂರೂ ಕಡೆಯವರು ಒಟ್ಟಿಗೆ ಹೋಗಬೇಕು.

ಸಂಸ್ಥೆಯ ಸ್ವಂತ ಆಸೆ ಇನ್ನೊಂದು ತೊಡಕು. ಶಾಸಕರ ಮುಂದೆ ಹಾಸ್ಟೆಲ್ ಕೇಳಿ, ಎದ್ದು ಬರುವಾಗ ‘ನಮ್ಮ ಸಮುದಾಯ ಭವನದ್ದೂ ಸ್ವಲ್ಪ ನೋಡಿ’ ಎಂದರೆ ಅಲ್ಲಿಗೆ ಮುಗಿಯಿತು. ಭವನಕ್ಕೆ ಅನುದಾನ ಸಿಗುತ್ತದೆ, ಹಾಸ್ಟೆಲ್ ಮರೆತುಹೋಗುತ್ತದೆ, ಮುಂದಿನ ಸಲ ಗಟ್ಟಿಯಾಗಿ ಕೇಳುವ ಬಾಯಿಯೂ ಉಳಿಯುವುದಿಲ್ಲ. ಗಂಡ ಆಯ್ದು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಶರಣೆ ಆಯ್ದಕ್ಕಿ ಲಕ್ಕಮ್ಮ ನಿಮ್ಮ ತಾಲೂಕಿನ ಅಮರೇಶ್ವರದವಳೇ, ಹೆಚ್ಚು ಹೇಳಬೇಕಿಲ್ಲ. ಈ ಕೆಲಸ ನಡೆಯುವಷ್ಟು ದಿನ ಸಂಸ್ಥೆಗೆಂದು ಏನನ್ನೂ ಕೇಳುವುದಿಲ್ಲ ಎಂದು ಕಮಿಟಿಯಲ್ಲಿ ಠರಾವು ಮಾಡಿಕೊಳ್ಳಿ.

ಧಾರ್ಮಿಕರ ಒತ್ತಾಯ ಯಾವಾಗಲೂ ಬಡವರ ಪರವೇ ಇರುತ್ತದೆ ಎಂದೂ ನಂಬಬೇಕಿಲ್ಲ. 2021ರ ಕೊನೆಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಹಿಂದುಳಿದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಹೊರಟಿತು. ಕಾರಣ ಮಕ್ಕಳ ಅಪೌಷ್ಟಿಕತೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇತ್ತು. ಆದರೂ ಕೆಲವು ಮಠಾಧೀಶರು ಆದೇಶ ಹಿಂದಕ್ಕೆ ಪಡೆಯಿರಿ ಎಂದು ಪಟ್ಟು ಹಿಡಿದರು. ಸರ್ಕಾರ ಬಗ್ಗಲಿಲ್ಲ, ಮುಂದೆ ಯೋಜನೆ ಇಡೀ ರಾಜ್ಯಕ್ಕೆ ಹರಡಿತು. ವಿರೋಧಿಸಿದವರು ತಮ್ಮ ಆಚಾರವನ್ನು ನೆನೆದು ಮಾತಾಡಿದರು, ತಿನ್ನುವ ಮಕ್ಕಳ ಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳಿರಲಿಲ್ಲ. ನಿಮ್ಮ ಸಭೆಯಲ್ಲೂ ಹೀಗಾಗಬಹುದು. ಗುಳೆ ಹೋಗಿ ಬಂದ ಹೆಂಗಸರು ನಾಲ್ಕಾರು ಜನ ಕೂತಿಲ್ಲದ ಸಭೆಯಲ್ಲಿ ಬೇಡಿಕೆ ಅಂತಿಮ ಮಾಡಬೇಡಿ. ಹಾಸ್ಟೆಲ್ ತೆರೆದರೂ ಹೆಣ್ಣುಮಕ್ಕಳನ್ನು ಬಿಡಲು ಅವರು ಒಪ್ಪದಿದ್ದರೆ ಕಾರಣ ಏನು, ಮಹಿಳಾ ವಾರ್ಡನ್ ಇಲ್ಲವೇ, ಬಾಗಿಲಿರುವ ಶೌಚಾಲಯ ಇಲ್ಲವೇ ಎಂಬುದು ಅವರಿಂದಲೇ ಗೊತ್ತಾಗಬೇಕು.

ಎಲ್ಲರೂ ಕೂಡಿದರೆ ಏನಾಗುತ್ತದೆ ಎನ್ನುವುದಕ್ಕೆ ಪಕ್ಕದ ಕೊಪ್ಪಳವೇ ಇದೆ. ಊರ ಪಕ್ಕದ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು 2025ರ ಫೆಬ್ರವರಿಯಲ್ಲಿ ಬಂದ್ ನಡೆದಾಗ ಗವಿಮಠದ ಸ್ವಾಮೀಜಿಯೂ ಜನರ ಜೊತೆ ಬಂದರು. ಸರ್ವಪಕ್ಷ ನಿಯೋಗ ಮುಖ್ಯಮಂತ್ರಿಯನ್ನು ಕಂಡ ಮೇಲೆ ಕೆಲಸ ನಿಲ್ಲಿಸಲು ಸೂಚನೆ ಹೋಯಿತು. ಆದರೆ ಅದರಿಂದ ತಪ್ಪು ಪಾಠ ಕಲಿಯಬಾರದು. ಒಂದು ಕೆಲಸ ಬೇಡ ಎನ್ನಲು ಒಂದು ದಿನದ ಜನಸಾಗರ ಸಾಕಾಗಬಹುದು. ಇಂಥದ್ದು ಬೇಕು, ಪ್ರತಿ ವರ್ಷ ಇದೇ ತಾರೀಖಿಗೆ ಬೇಕು ಎನ್ನಲು ಕಡತದ ಹಿಂದೆ ವರ್ಷವಿಡೀ ನಡೆಯುವ ಇಬ್ಬರು-ಮೂವರು ಬೇಕು. ಅವರು ಪೀಠಾಧಿಪತಿಗಳೇ ಆಗಬೇಕಿಲ್ಲ. ನಿವೃತ್ತ ಶಿಕ್ಷಕರು, ಪಂಚಾಯಿತಿಯಲ್ಲಿ ಕೆಲಸ ಮಾಡಿದವರು ಇದಕ್ಕೆ ಸ್ವಾಮೀಜಿಗಿಂತ ಒಳ್ಳೆಯವರು.

ಮನವಿ ಒಂದು ಪುಟ ದಾಟಬಾರದು. ಮೇಲೆ ವಿಷಯ, ಕೆಳಗೆ ನಿಯಮ ಏನು ಹೇಳುತ್ತದೆ, ದಾಖಲೆ ಏನು ತೋರಿಸುತ್ತದೆ, ಯಾವ ಆದೇಶ ಯಾವ ದಿನಾಂಕದೊಳಗೆ ಬೇಕು ಎಂದಿಷ್ಟು. ಹಾಜರಿಯ ಪಟ್ಟಿ ಲಗತ್ತಾಗಿ ಬರಲಿ. ಮೂರೂ ಸಂಸ್ಥೆಯವರ ಸಹಿ ಒಂದೇ ಪತ್ರದಲ್ಲಿರಬೇಕು, ಬೇರೆ ಬೇರೆ ಪತ್ರ ಕೊಟ್ಟರೆ ಮೂರು ಕಡತವಾಗಿ ಚದುರುತ್ತದೆ. ಇದಕ್ಕೂ ಮುಂಚೆ ಗ್ರಾಮಸಭೆಯಲ್ಲಿ ಠರಾವು ಆಗಿದ್ದರೆ ಪತ್ರದ ಬಲವೇ ಬೇರೆ. ಕೋರಂ ಇಲ್ಲದೆ ಸಭೆ ಮುಂದೂಡುವುದು ಹೊಸದಲ್ಲವಾದ್ದರಿಂದ ಸಭೆಯ ದಿನಾಂಕವನ್ನು ಪ್ರವಚನದ ಕೊನೆಗೆ, ಶುಕ್ರವಾರದ ನಮಾಜಿನ ನಂತರ, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಹೇಳಿ ಜನರನ್ನು ಕಳಿಸಿ. ಠರಾವು ನಡಾವಳಿ ಪುಸ್ತಕಕ್ಕೆ ಏರಿದ್ದನ್ನು ಕಣ್ಣಾರೆ ನೋಡಿ ಪ್ರತಿ ಪಡೆಯಿರಿ. ಬಾಯಲ್ಲಿ ‘ಆಯ್ತು’ ಅಂದದ್ದು ಎಷ್ಟೋ ಸಲ ಪುಸ್ತಕದಲ್ಲಿ ಇರುವುದಿಲ್ಲ.

ಮನವಿಯ ಮೂಲ ಪ್ರತಿ ಬೆಂಗಳೂರಿನ ಸಮಗ್ರ ಶಿಕ್ಷಣ ರಾಜ್ಯ ಯೋಜನಾ ನಿರ್ದೇಶಕರಿಗೆ ಹೋಗಲಿ, ಪ್ರತಿಗಳು ಕಲಬುರಗಿಯ ಶಾಲಾ ಶಿಕ್ಷಣ ಅಪರ ಆಯುಕ್ತರಿಗೆ, ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಪಿಐ), ಶಾಸಕರಿಗೆ. ಕೈಯಲ್ಲೇ ಕೊಟ್ಟರೆ ಟಪಾಲು ವಿಭಾಗದಲ್ಲಿ ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಬರಬೇಡಿ, ಅದಿಲ್ಲದೆ ಮುಂದೆ ಯಾರೂ ಕಡತ ಹುಡುಕಿಕೊಡುವುದಿಲ್ಲ. ತಾಲೂಕಿನ ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ, ಶಾಸಕರ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಸಭೆಗೆ ನಾಲ್ಕು ದಿನ ಮುಂಚೆ ಒಂದು ಸಾಲಿನ ಪ್ರಶ್ನೆ ಬರೆದು ಅವರಿಗೆ ಕೊಡಿ. ‘ಹೋದ ವರ್ಷ ಹಾಸ್ಟೆಲ್ ಯಾವ ದಿನ ತೆರೆಯಿತು?’ ಎಂದು ಶಾಸಕರು ಎಲ್ಲರೆದುರು ಕೇಳಿದರೆ ಬಿಇಒ ಉತ್ತರಿಸಲೇಬೇಕು.

ಹಣ ಬೇಕಾಗುವ ಬೇಡಿಕೆಗೆ, ಅಂದರೆ ಕಟ್ಟಡ, ಹೊಸ ಹುದ್ದೆ ಇಂಥವಕ್ಕೆ, ಕಾಲ ಬೇರೆ. ಬಜೆಟ್ ಮಂಡನೆ ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್. ಇಲಾಖೆಗಳ ಪ್ರಸ್ತಾವ ತಿಂಗಳುಗಳ ಮುಂಚೆಯೇ ಸಿದ್ಧವಾಗುವುದರಿಂದ ಫೆಬ್ರವರಿಯಲ್ಲಿ ಕೊಟ್ಟ ಮನವಿ ಆ ವರ್ಷಕ್ಕೆ ದಕ್ಕುವುದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಕೊಡಿ. ನಿಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಾಗಿಲೂ ನಿಮಗಿದೆ. ಇತ್ತೀಚಿನ ಬಜೆಟ್‌ಗಳಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಘೋಷಣೆಯ ಅಂಕಿ ಹಿಡಿದು ವಾದಿಸಬೇಡಿ, ನಿಮ್ಮ ತಾಲೂಕಿಗೆ ಬಂದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಕೇಳಿ. ಬಳ್ಳಾರಿ ಜಿಲ್ಲೆಯ ಸಂಡೂರಿನಂಥ ಕಡೆಯವರಿಗಾದರೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇನ್ನೂ ಹತ್ತಿರ. ಹಳೆಯ ಗಣಿ ಗುತ್ತಿಗೆಗಳಿಂದ ರಾಜಧನದ (ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ಹಣದ) ಶೇ 30ರಷ್ಟು, 2015ರ ನಂತರ ಹರಾಜಾದವುಗಳಿಂದ ಶೇ 10ರಷ್ಟು ಅದಕ್ಕೆ ಬರುತ್ತದೆ. ಆ ಹಣ ಇರುವುದೇ ಗಣಿಬಾಧಿತ ಜನರಿಗಾಗಿ.

ಎರಡು ಮೂರು ತಿಂಗಳಿಗೆ ಒಂದು ಪತ್ರ ಬರಬಹುದು: ‘ಅನುದಾನ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು.’ ಬಹಳ ಕಮಿಟಿಗಳು ಅದನ್ನು ಓದಿ ಕೈಚೆಲ್ಲುತ್ತವೆ. ಅದು ತಿರಸ್ಕಾರವಲ್ಲ, ಒಪ್ಪಿಗೆಯೂ ಅಲ್ಲ. ಪತ್ರದ ಕಡತ ಸಂಖ್ಯೆ, ದಿನಾಂಕ ಬರೆದಿಟ್ಟುಕೊಳ್ಳಿ. ಅದೇ ಸಂಖ್ಯೆ ಉಲ್ಲೇಖಿಸಿ ‘ನಾವು ಕೇಳಿದ್ದು ಅನುದಾನವಲ್ಲ, ಆದೇಶದ ದಿನಾಂಕ’ ಎಂದು ನಾಲ್ಕು ಸಾಲಿನ ಮರುಪತ್ರ ಹಾಕಿ, ಒಂದು ಪ್ರತಿಯನ್ನು ಶಾಸಕರ ಆಪ್ತ ಸಹಾಯಕರಿಗೆ ಕೊಟ್ಟು ಅಧಿವೇಶನದಲ್ಲಿ ಪ್ರಶ್ನೆಯಾಗಿ ಕೇಳುವಂತೆ ಹೇಳಿ. ಸದನದ ಪ್ರಶ್ನೆಗೆ ಇಲಾಖೆ ಲಿಖಿತ ಉತ್ತರ ಕೊಡಬೇಕಾಗುತ್ತದೆ. ಆ ಉತ್ತರ ತಯಾರಿಸಲು ಕಡತವನ್ನು ಕಪಾಟಿನಿಂದ ಕೆಳಗಿಳಿಸಲೇಬೇಕು.